ಕ್ಯಾಮೆರಾದ ಗುಣದೋಷ ವಿವೇಚನೆ

ಯಾವುದೇ ಉಪಕರಣವನ್ನು ಕುರಿತು ‘ಇದು ಉತ್ತಮ’, ‘ಇದು ಅಧಮ’ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವುದು ಸುಲಭ. ಆದರೆ ಅದು ವಿವೇಚನೆ ಎನಿಸಲಾರದು. ಅದರ ಗುಣವು ಎಲ್ಲಿಂದ ಬಂದಿತು, ಆ ಗುಣಕ್ಕಾಗಿ ನಾವು ಏನನ್ನು ಬಿಟ್ಟುಕೊಡಬೇಕಾಯಿತು ಎಂಬುದನ್ನೂ ವಿಚಾರಿಸಬೇಕು. ಜಪಾನಿನ ನಿಕಾನ್ ಸಂಸ್ಥೆಯು ವೃತ್ತಿನಿರತ ಛಾಯಾಗ್ರಾಹಕರಿಗಾಗಿ 2007ರಲ್ಲಿ ಹೊರತಂದ ‘ಡಿ3’ ಎಂಬ ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮೆರಾ ಇಂತಹ ವಿವೇಚನೆಗೆ ಒಳ್ಳೆಯ ನಿದರ್ಶನ.

ಎಸ್‌ಎಲ್‌ಆರ್ ಎಂದರೆ ನೋಡುವುದಕ್ಕೂ ಚಿತ್ರ ತೆಗೆಯುವುದಕ್ಕೂ ಒಂದೇ ಮಸೂರವನ್ನು ಬಳಸುವ, ದರ್ಪಣವುಳ್ಳ ಕ್ಯಾಮೆರಾ. ಮಸೂರವನ್ನು ಹಾದುಬಂದ ಬೆಳಕು ಓರೆಯಾಗಿ ನಿಲ್ಲಿಸಿದ ದರ್ಪಣಕ್ಕೆ ತಗುಲಿ ಮೇಲಕ್ಕೆ ಪ್ರತಿಫಲಿಸುತ್ತದೆ. ಅಲ್ಲಿರುವ ಪಟ್ಟಕದ ಮೂಲಕ ಛಾಯಾಗ್ರಾಹಕನ ಕಣ್ಣನ್ನು ಸೇರುತ್ತದೆ. ಗುಂಡಿಯನ್ನು ಒತ್ತಿದೊಡನೆ ದರ್ಪಣವು ಮೇಲೇಳುತ್ತದೆ. ಷಟರ್ ಎಂಬ ಪರದೆ ತೆರೆದು ಬೆಳಕು ಸಂವೇದಕದ ಮೇಲೆ ಬೀಳುತ್ತದೆ. ಹಿಂದೆ ಫಿಲ್ಮ್ ಇರುತ್ತಿದ್ದ ಸ್ಥಳದಲ್ಲಿದ್ದು, ಬೆಳಕನ್ನು ವಿದ್ಯುತ್ ಸಂಕೇತವನ್ನಾಗಿ ಮಾರ್ಪಡಿಸುವ ಫಲಕವೇ ಸಂವೇದಕ.

ಡಿ3ರ ಮುಖ್ಯ ಬಲವೇ ಈ ಸಂವೇದಕ. ಅದರ ಅಳತೆ 36 ಮಿ.ಮೀ. ಉದ್ದ, 23.9 ಮಿ.ಮೀ. ಅಗಲ. ಅದೇ ವರ್ಷ ಬಂದ ‘ಡಿ300’ ಎಂಬ ಸಣ್ಣ ಕ್ಯಾಮೆರಾದ ಸಂವೇದಕವು ವಿಸ್ತೀರ್ಣದಲ್ಲಿ ಇದರ ಅರ್ಧಕ್ಕಿಂತ ಕಡಿಮೆ. ಆದರೆ ಎರಡರಲ್ಲಿಯೂ ಚಿತ್ರಬಿಂದುಗಳ ಸಂಖ್ಯೆ ಸುಮಾರು 120 ಲಕ್ಷ! ಆದ್ದರಿಂದ ಡಿ3ರ ಒಂದೊಂದು ಬಿಂದುವೂ ಹೆಚ್ಚು ಬೆಳಕನ್ನು ಹಿಡಿಯುತ್ತದೆ. ಬೆಳಕಿಗೆ ಸ್ಪಂದಿಸುವ ಶಕ್ತಿಯನ್ನು ಸೂಚಿಸುವ ಐಎಸ್‌ಒ ಮಾನದಲ್ಲಿ ಡಿ300ರ ಸಾಮಾನ್ಯ ಮಿತಿ 3200 ಆದರೆ, ಡಿ3ರದು 6400. ಮಂದ ಬೆಳಕಿನ ರಂಗಮಂದಿರದಲ್ಲಿಯೂ ರಾತ್ರಿಯ ಕ್ರೀಡಾಂಗಣದಲ್ಲಿಯೂ ಈ ಶಕ್ತಿಯ ಬೆಲೆ ತಿಳಿಯುತ್ತದೆ. ಇದಲ್ಲದೆ ಡಿ3 ಸೆಕೆಂಡಿಗೆ 9 ಚಿತ್ರಗಳನ್ನು ತೆಗೆಯಬಲ್ಲದು. ಅದರ ಷಟರನ್ನು 3 ಲಕ್ಷ ಬಾರಿ ತೆರೆದು ಮುಚ್ಚಿ ಪರೀಕ್ಷಿಸಲಾಗಿದೆ.

ಇನ್ನು ದೋಷಗಳು. ಬ್ಯಾಟರಿ, ಮಸೂರಗಳನ್ನು ಬಿಟ್ಟೇ ಡಿ3ರ ತೂಕ ಸುಮಾರು 1,240 ಗ್ರಾಂ. ಡಿ300ರದು 825 ಗ್ರಾಂ. 2007ರಲ್ಲಿ ಅಮೆರಿಕದಲ್ಲಿ ಮೊದಲನೆಯದಕ್ಕೆ ಸುಮಾರು 5,000 ಡಾಲರ್ ಬೆಲೆಯಿದ್ದರೆ ಎರಡನೆಯದಕ್ಕೆ ಸುಮಾರು 1,800 ಡಾಲರ್ ಇತ್ತು. ಸಂವೇದಕದ ಮೇಲಿನ ಧೂಳನ್ನು ತಾನಾಗಿಯೇ ಕೊಡವಿಕೊಳ್ಳುವ ಏರ್ಪಾಡು ಅಗ್ಗದ ಕ್ಯಾಮೆರಾದಲ್ಲಿತ್ತು, ದುಬಾರಿಯದರಲ್ಲಿ ಇರಲಿಲ್ಲ. ದೂರದ ಹಕ್ಕಿಯೊಂದನ್ನು ಎರಡರಿಂದಲೂ ಒಂದೇ ಮಸೂರದಲ್ಲಿ ಚಿತ್ರಿಸಿದರೆ, ಡಿ300ರಲ್ಲಿ ಬಿಂದುಗಳು ದಟ್ಟವಾಗಿರುವುದರಿಂದ ಹಕ್ಕಿಯ ಪಾಲಿಗೆ ಹೆಚ್ಚು ಬಿಂದುಗಳು ದೊರೆಯುತ್ತವೆ. ದೊಡ್ಡ ಸಂವೇದಕದಲ್ಲಿ ಆ ಲಾಭ ಬೇಕೆಂದರೆ ಇನ್ನೂ ದೊಡ್ಡ ಮಸೂರವನ್ನು ಹೊರಬೇಕು. ಕತ್ತಲೆಯಲ್ಲಿ ವರವಾದುದೇ ಇಲ್ಲಿ ಭಾರವಾಯಿತು.

ದರ್ಪಣದ ವಿಷಯವೂ ಹೀಗೆಯೇ. ಮಸೂರವು ಕಂಡದ್ದನ್ನು ಕಣ್ಣಿಗೆ ನೇರವಾಗಿ, ವಿದ್ಯುತ್ತಿನ ನೆರವಿಲ್ಲದೆ ತೋರಿಸುವುದು ಅದರ ಉಪಕಾರ. ಆದರೆ ದರ್ಪಣವು ಮೇಲೆದ್ದಾಗ ಕಣ್ಣಿನ ಮುಂದೆ ಕತ್ತಲೆ ಕವಿಯುತ್ತದೆ. ಚಿತ್ರವು ದಾಖಲಾಗುವ ಆ ಒಂದು ಕ್ಷಣವನ್ನು ಮಾತ್ರ ಛಾಯಾಗ್ರಾಹಕನು ಕಾಣಲಾರನು! ಈ ಕೊರತೆಯನ್ನು ನೀಗಲು ದರ್ಪಣವಿಲ್ಲದ ಕ್ಯಾಮೆರಾಗಳು ಬಂದವು. ನಿಕಾನ್ 2021ರಲ್ಲಿ ತಂದ ‘ಝಡ್9’ರಲ್ಲಿ ದರ್ಪಣವೂ ಇಲ್ಲ, ಚಲಿಸುವ ಷಟರೂ ಇಲ್ಲ. ಆದರೆ ಅಲ್ಲಿ ದೃಶ್ಯವನ್ನು ತೋರಿಸುವುದು ಪುಟ್ಟ ವಿದ್ಯುತ್ ತೆರೆ. ನೋಡುತ್ತಿರುವಷ್ಟು ಹೊತ್ತೂ ಬ್ಯಾಟರಿ ವ್ಯಯವಾಗುತ್ತದೆ.

ಹೀಗೆ ಗುಣವೂ ದೋಷವೂ ಒಂದೇ ಬೇರಿನಿಂದ ಹುಟ್ಟುತ್ತವೆ. ರಾತ್ರಿಯ ಪಂದ್ಯವನ್ನು ಚಿತ್ರಿಸುವ ಪತ್ರಿಕಾ ಛಾಯಾಗ್ರಾಹಕನಿಗೆ ಡಿ3 ತಕ್ಕ ಸಂಗಾತಿ. ಹಗಲಿನಲ್ಲಿ ಹಕ್ಕಿಗಳನ್ನರಸಿ ಬೆಟ್ಟವೇರುವವನಿಗೆ ಅದರ ಅಗ್ಗದ ತಮ್ಮನೇ ಲೇಸು. ಉಪಕರಣದ ಯೋಗ್ಯತೆಯನ್ನು ಅದರ ಬೆಲೆಯಿಂದಲ್ಲ, ಮಾಡಬೇಕಾದ ಕೆಲಸದಿಂದ ಅಳೆಯುವುದೇ ವಿವೇಕ.