ಸಮಾಜ ಸಂಶೋಧನೆಗೆ ಅನುದಾನ: ಮಂಗಳೂರಿನ ಮುಂದಿರುವ ದಾರಿಗಳು

ಮಕ್ಕಳು ನಡುವೆಯೇ ಶಾಲೆ ಬಿಡುವುದಕ್ಕೆ ಕಾರಣವೇನು, ಬಂದರಿನ ಧಕ್ಕೆಯಲ್ಲಿ ದುಡಿಯುವ ಹೆಂಗಸರ ಆದಾಯ ಮನೆಯ ಯಾವ ಖರ್ಚಿಗೆ ಸಲ್ಲುತ್ತದೆ, ಒಂದು ಸಣ್ಣ ಭಾಷೆಯನ್ನಾಡುವ ಕುಟುಂಬಗಳು ಆ ಭಾಷೆಯನ್ನು ಮುಂದಿನ ತಲೆಮಾರಿಗೆ ಏಕೆ ದಾಟಿಸುತ್ತಿಲ್ಲ ಎಂಬಂತಹ ಪ್ರಶ್ನೆಗಳಿಗೆ ಉತ್ತರ ಹುಡುಕಲು ದುಬಾರಿ ಪ್ರಯೋಗಾಲಯ ಬೇಕಿಲ್ಲವಾದರೂ, ಊರೂರು ತಿರುಗುವ ಸಹಾಯಕರಿಗೆ ಸಂಬಳ, ಪ್ರಯಾಣದ ವೆಚ್ಚ, ಧ್ವನಿಮುದ್ರಣದ ಸಲಕರಣೆ ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಒಂದೆರಡು ವರ್ಷಗಳ ಬಿಡುವು ಬೇಕಾಗುತ್ತದೆ. ಇದಕ್ಕಾಗಿ ಸರ್ಕಾರ, ಕಂಪನಿ ಅಥವಾ ಪ್ರತಿಷ್ಠಾನವೊಂದು ಕೊಡುವ ಹಣವನ್ನು ಸಂಶೋಧನಾ ಅನುದಾನ ಎನ್ನುತ್ತಾರೆ. ಇದನ್ನು ಸಾಲದಂತೆ ಮರಳಿಸಬೇಕಾಗಿಲ್ಲ. ಆದರೆ ಒಪ್ಪಿಕೊಂಡ ಕೆಲಸವನ್ನು ಒಪ್ಪಿಕೊಂಡ ಅವಧಿಯಲ್ಲಿ ಮುಗಿಸಿ, ವರದಿಯನ್ನೂ ಲೆಕ್ಕವನ್ನೂ ಒಪ್ಪಿಸುವ ಬದ್ಧತೆ ಅದರೊಂದಿಗೆ ಬರುತ್ತದೆ.

ವಿದ್ಯಾಕೇಂದ್ರವೆಂದು ಹೆಸರಾದ ಮಂಗಳೂರಿನಲ್ಲಿ ಇಂತಹ ಕೆಲಸಕ್ಕೆ ತಕ್ಕ ಸಂಸ್ಥೆಗಳಿಗೆ ಕೊರತೆಯಿಲ್ಲ. 1880ರಲ್ಲಿ ಆರಂಭವಾಗಿ 2024ರಲ್ಲಿ ಪರಿಗಣಿತ ವಿಶ್ವವಿದ್ಯಾಲಯವಾದ ಸಂತ ಅಲೋಶಿಯಸ್, 1921ರಷ್ಟು ಹಿಂದೆಯೇ ಹೆಣ್ಣುಮಕ್ಕಳಿಗಾಗಿ ಬಾಗಿಲು ತೆರೆದ ಸಂತ ಆಗ್ನೆಸ್ ಕಾಲೇಜು, 1960ರಿಂದ ಸಮಾಜಕಾರ್ಯದ ಶಿಕ್ಷಣ ಕೊಡುತ್ತಿರುವ ರೋಶನಿ ನಿಲಯ, 1980ರಲ್ಲಿ ಕೊಣಾಜೆಯಲ್ಲಿ ಸ್ಥಾಪನೆಯಾದ ಮಂಗಳೂರು ವಿಶ್ವವಿದ್ಯಾಲಯ ಇವೆಲ್ಲ ಒಂದೇ ಪರಿಸರದಲ್ಲಿವೆ. ಆದರೂ ಇಲ್ಲಿನ ಕಾಲೇಜುಗಳ ಅಧ್ಯಾಪಕರಲ್ಲಿ ಅನೇಕರಿಗೆ ಯಾವ ಸಂಸ್ಥೆಯನ್ನು ಕೇಳಬೇಕು, ಯಾರ ಹೆಸರಿನಲ್ಲಿ ಕೇಳಬೇಕು, ಏನೆಂದು ಬರೆದು ಕೇಳಬೇಕು ಎಂಬುದೇ ತಿಳಿಯದೆ, ಒಳ್ಳೆಯ ಪ್ರಶ್ನೆಗಳು ಮನಸ್ಸಿನಲ್ಲಿಯೇ ಉಳಿದುಬಿಡುತ್ತವೆ. ಅನುದಾನವನ್ನು ಪಡೆಯುವುದರಲ್ಲಿ ಸಂಶೋಧಕರ ಪ್ರತಿಭೆಗೆ ಇರುವಷ್ಟೇ ಪಾತ್ರ ಅವರ ಬೆನ್ನಿಗಿರುವ ಸಂಸ್ಥೆಯ ಸಿದ್ಧತೆಗೂ ಇದೆ ಎಂಬುದನ್ನು ಕರಾವಳಿಯ ಅನುಭವವೇ ತೋರಿಸಿಕೊಡುತ್ತದೆ.

ಎರಡು ಮಾದರಿಗಳು

ಮೊದಲನೆಯ ಮಾದರಿ ತುಳು ನಿಘಂಟು. ಬಾಸೆಲ್ ಮಿಷನ್ನಿನ ಮ್ಯಾನರ್ 1886ರಲ್ಲಿ ಮಂಗಳೂರಿನಲ್ಲಿ ತುಳು–ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದ ಬಳಿಕ ಸುಮಾರು ಒಂದು ಶತಮಾನದವರೆಗೆ ಆ ಭಾಷೆಗೆ ಸಮಗ್ರವಾದ ಕೋಶ ಬಂದಿರಲಿಲ್ಲ. ಉಡುಪಿಯ ಎಂಜಿಎಂ ಕಾಲೇಜಿನ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರವು 1979ರಲ್ಲಿ ಈ ಕೆಲಸವನ್ನು ಸರ್ಕಾರದ ನೆರವಿನೊಂದಿಗೆ ಕೈಗೆತ್ತಿಕೊಂಡಿತು, ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರ ನಡುವೆ ಆರು ಸಂಪುಟಗಳು ಹೊರಬಂದವು. ಮೊದಲ ಸಂಪುಟ ಕೈಗೆ ಬರುವುದಕ್ಕೇ ಸುಮಾರು ಒಂಬತ್ತು ವರ್ಷ, ಇಡೀ ಕೆಲಸಕ್ಕೆ ಹದಿನೆಂಟು ವರ್ಷ ಹಿಡಿದ ಈ ಯೋಜನೆಯನ್ನು ಎರಡು ವರ್ಷದ ಅನುದಾನವೊಂದು ಪೂರೈಸುವುದು ಸಾಧ್ಯವೇ ಇರಲಿಲ್ಲ. ಪದಗಳ ಸಂಗ್ರಹವನ್ನು ಕಾಪಾಡಿಕೊಂಡು, ಸಂಪಾದಕ ಮಂಡಳಿಯನ್ನು ಉಳಿಸಿಕೊಂಡು, ನೆರವು ಬಂದಾಗಲೂ ತಡವಾದಾಗಲೂ ಕೆಲಸವನ್ನು ಮುಂದುವರಿಸಬಲ್ಲ ಕೇಂದ್ರವೊಂದು ಅಲ್ಲಿ ಇದ್ದುದರಿಂದಲೇ ನಿಘಂಟು ಪೂರ್ಣಗೊಂಡಿತು.

ಎರಡನೆಯ ಮಾದರಿ ತುಳುವಿನ ಮೌಖಿಕ ಕಥನಗೀತೆಯಾದ ಸಿರಿ ಪಾಡ್ದನದ ದಾಖಲೀಕರಣ. ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಅವರು ಅನ್ನೇಲಿ ಹೊಂಕೊ ಹಾಗೂ ಮಂಗಳೂರು ವಿಶ್ವವಿದ್ಯಾಲಯದ ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಅವರೊಂದಿಗೆ ಸೇರಿ, ಬೆಳ್ತಂಗಡಿ ತಾಲ್ಲೂಕಿನ ಗೋಪಾಲ ನಾಯ್ಕರು ಹಾಡಿದ ಸಿರಿ ಮಹಾಕಾವ್ಯವನ್ನು 1990ರ ಡಿಸೆಂಬರಿನಲ್ಲಿ ಧ್ವನಿಮುದ್ರಿಸಿಕೊಂಡರು. 15,683 ಸಾಲುಗಳ ಆ ಪಠ್ಯವು ತುಳು ಮೂಲ ಮತ್ತು ಇಂಗ್ಲಿಷ್ ಅನುವಾದದೊಂದಿಗೆ ಎರಡು ಸಂಪುಟಗಳಲ್ಲಿಯೂ, ಅದರ ಅಧ್ಯಯನ ಮತ್ತೊಂದು ಸಂಪುಟದಲ್ಲಿಯೂ 1998ರಲ್ಲಿ ಹೆಲ್ಸಿಂಕಿಯಿಂದ ಪ್ರಕಟವಾದವು. ಹಾಡಿದ್ದನ್ನು ಅಕ್ಷರಕ್ಕಿಳಿಸಿ, ಅರ್ಥ ಹಚ್ಚಿ, ಅನುವಾದಿಸಿ ಮುದ್ರಣಕ್ಕೆ ಕೊಡಲು ಎಂಟು ವರ್ಷಗಳೇ ಬೇಕಾದವು. ಇಲ್ಲಿ ವಿದೇಶದ ವಿದ್ವತ್ ಸಂಸ್ಥೆಗಳ ಬೆಂಬಲ, ಸ್ಥಳೀಯ ವಿಶ್ವವಿದ್ಯಾಲಯದ ಭಾಷಾಜ್ಞಾನ ಮತ್ತು ಗಾಯಕರ ನೆನಪಿನ ಶಕ್ತಿ ಮೂರೂ ಸೇರಿದವು. ತುಳು ಬಲ್ಲ ಸಹಸಂಶೋಧಕರು ಆರಂಭದಿಂದಲೇ ಜೊತೆಗಿರದಿದ್ದರೆ ಹೊರಗಿನ ನೆರವು ಎಷ್ಟೇ ಬಂದರೂ ಈ ಫಲ ದೊರೆಯುತ್ತಿರಲಿಲ್ಲ.

ಸರ್ಕಾರಿ ಮೂಲಗಳು

ಭಾರತದಲ್ಲಿ ಸಮಾಜವಿಜ್ಞಾನಗಳಿಗೆ ಅನುದಾನ ಕೊಡುವ ಮುಖ್ಯ ಸಂಸ್ಥೆ ಭಾರತೀಯ ಸಮಾಜವಿಜ್ಞಾನ ಸಂಶೋಧನಾ ಮಂಡಳಿ, ಅಂದರೆ ಐಸಿಎಸ್‌ಎಸ್‌ಆರ್. ಮುಂದೆ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಕಟ್ಟಿದ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಅವರ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನಂತೆ 1969ರಲ್ಲಿ ಅದು ಸ್ಥಾಪನೆಯಾಯಿತು. ಕಿರು ಯೋಜನೆ, ಬೃಹತ್ ಯೋಜನೆ, ಪಿಎಚ್.ಡಿ. ವಿದ್ಯಾರ್ಥಿಗಳ ಫೆಲೋಶಿಪ್, ವಿಚಾರಸಂಕಿರಣ ಎಂಬ ಹಲವು ಬಗೆಗಳಲ್ಲಿ ಮಂಡಳಿ ನೆರವು ನೀಡುತ್ತದೆ. ಆಗಾಗ ವಿಶೇಷ ಯೋಜನೆಗಳೂ ಪ್ರಕಟವಾಗುತ್ತವೆ: ಸರ್ಕಾರದ ನೀತಿಗಳಿಗೆ ನೆರವಾಗುವ ಸಂಶೋಧನೆಗೆಂದು 2018ರಲ್ಲಿ ಘೋಷಿಸಿದ ಇಂಪ್ರೆಸ್ ಯೋಜನೆಗೆ 414 ಕೋಟಿ ರೂಪಾಯಿ ಮೀಸಲಿಟ್ಟು, 1,500 ಸಂಶೋಧನಾ ಯೋಜನೆಗಳನ್ನು ಬೆಂಬಲಿಸುವ ಗುರಿ ಇಟ್ಟುಕೊಳ್ಳಲಾಗಿತ್ತು. ಇಂತಹ ಕರೆಗಳು ಕೆಲವೇ ವಾರ ತೆರೆದಿರುತ್ತವೆಯಾದ್ದರಿಂದ, ಪ್ರಕಟಣೆ ಬಂದ ಮೇಲೆ ವಿಷಯ ಯೋಚಿಸಲು ಕೂರುವವರಿಗಿಂತ ಪ್ರಸ್ತಾವನೆಯ ಕರಡನ್ನು ಮೊದಲೇ ಸಿದ್ಧವಾಗಿಟ್ಟುಕೊಂಡವರಿಗೆ ಅನುಕೂಲ ಹೆಚ್ಚು.

ಕಾಲೇಜು ಅಧ್ಯಾಪಕರಿಗೆ ಬಹುಕಾಲ ಮೊದಲ ಮೆಟ್ಟಿಲಾಗಿದ್ದದ್ದು ವಿಶ್ವವಿದ್ಯಾಲಯ ಧನಸಹಾಯ ಆಯೋಗದ, ಎಂದರೆ ಯುಜಿಸಿಯ, ಕಿರು ಸಂಶೋಧನಾ ಯೋಜನೆ. 12ನೆಯ ಪಂಚವಾರ್ಷಿಕ ಯೋಜನೆಯ ಅವಧಿ 2017ರಲ್ಲಿ ಮುಗಿದ ಮೇಲೆ ಈ ಅವಕಾಶ ಬಹಳ ಕಿರಿದಾಯಿತು. ಈ ಸಂದರ್ಭದಲ್ಲಿ ಪದೇ ಪದೇ ಕೇಳಿಬರುವ ‘ಟು ಎಫ್’ ಮತ್ತು ‘ಟ್ವೆಲ್ವ್ ಬಿ’ ಎಂಬ ಮಾತುಗಳು 1956ರ ಯುಜಿಸಿ ಕಾಯ್ದೆಯ ಎರಡು ಕಲಮುಗಳನ್ನು ಸೂಚಿಸುತ್ತವೆ. ಮೊದಲನೆಯದು ಕಾಲೇಜಿಗೆ ಆಯೋಗದ ಮಾನ್ಯತೆಯನ್ನು ಕೊಡುತ್ತದೆ, ಎರಡನೆಯದು ಕೇಂದ್ರದ ಅನುದಾನ ಪಡೆಯುವ ಅರ್ಹತೆಯನ್ನು ಕೊಡುತ್ತದೆ. ಎರಡನೆಯ ಪಟ್ಟಿಯಲ್ಲಿ ಹೆಸರಿಲ್ಲದ ಕಾಲೇಜಿನ ಅಧ್ಯಾಪಕರು ಎಷ್ಟೇ ಒಳ್ಳೆಯ ಪ್ರಸ್ತಾವನೆ ಬರೆದರೂ ಅನೇಕ ಕೇಂದ್ರ ಯೋಜನೆಗಳಲ್ಲಿ ಅರ್ಜಿಯ ಹಂತವನ್ನೇ ದಾಟಲಾರರು.

ಶಾಲಾ ಶಿಕ್ಷಣದ ಸಂಶೋಧನೆಗೆ ಎನ್‌ಸಿಇಆರ್‌ಟಿ 1974ರಲ್ಲಿ ರಚಿಸಿದ ಎರಿಕ್ ಎಂಬ ಸಮಿತಿ ಹೆಚ್ಚು ನೇರವಾದ ದಾರಿ. ತರಗತಿಯ ಬೋಧನೆ, ಪಠ್ಯಕ್ರಮ, ಹಿಂದುಳಿದ ವರ್ಗಗಳ ಮಕ್ಕಳ ಕಲಿಕೆ ಮೊದಲಾದವು ಇದರ ವ್ಯಾಪ್ತಿಗೆ ಬರುತ್ತವೆ. 2023ರ ಕಾಯ್ದೆಯಿಂದ ಹುಟ್ಟಿದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಐದು ವರ್ಷಗಳಲ್ಲಿ 50,000 ಕೋಟಿ ರೂಪಾಯಿಗಳ ಅಂದಾಜು ಇಡಲಾಗಿದೆಯಾದರೂ, ಅದರ ಒತ್ತು ವಿಜ್ಞಾನ ತಂತ್ರಜ್ಞಾನಗಳ ಮೇಲಿದ್ದು, ಮಾನವಿಕ ಮತ್ತು ಸಮಾಜವಿಜ್ಞಾನಗಳು ವಿಜ್ಞಾನವನ್ನು ಸಂಧಿಸುವ ಎಡೆಯಲ್ಲಿ ಮಾತ್ರ ಅದರೊಳಗೆ ಸೇರುತ್ತವೆ. ಮಂಗಳೂರಿನಲ್ಲಿಯೇ ಕೇಂದ್ರ ಕಚೇರಿಯುಳ್ಳ ತುಳು, ಕೊಂಕಣಿ, ಬ್ಯಾರಿ ಅಕಾಡೆಮಿಗಳ ನೆರವು ಗಾತ್ರದಲ್ಲಿ ಚಿಕ್ಕದಾದರೂ, ಭಾಷೆ ಮತ್ತು ಸಂಸ್ಕೃತಿಯನ್ನು ಕುರಿತ ಆರಂಭಿಕ ಕ್ಷೇತ್ರಕಾರ್ಯಕ್ಕೆ ಉಪಯುಕ್ತವಾದದ್ದು.

ಕಂಪನಿಗಳು ಮತ್ತು ಪ್ರತಿಷ್ಠಾನಗಳು

2013ರ ಕಂಪನಿ ಕಾಯ್ದೆಯ 135ನೆಯ ಕಲಮಿನ ಪ್ರಕಾರ 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಒಂದನ್ನು ಮುಟ್ಟಿದ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕು. ಸಿಎಸ್‌ಆರ್ ಎಂದು ಕರೆಯುವ ಈ ನಿಧಿಯಲ್ಲಿ ಕಂಪನಿಯು ತಾನು ಕಾರ್ಯ ನಡೆಸುವ ಪ್ರದೇಶಕ್ಕೆ ಆದ್ಯತೆ ನೀಡಬೇಕೆಂದೂ ಕಾಯ್ದೆ ಹೇಳುತ್ತದೆ. ತೈಲ ಸಂಸ್ಕರಣೆ, ರಸಗೊಬ್ಬರ, ಬ್ಯಾಂಕಿಂಗ್ ಕ್ಷೇತ್ರದ ದೊಡ್ಡ ಉದ್ಯಮಗಳು ನೆಲೆಸಿರುವ ಮಂಗಳೂರಿಗೆ ಇದು ಮಹತ್ವದ ವಿಷಯ. ಆದರೆ ಕಂಪನಿಗಳು ಸಾಮಾನ್ಯವಾಗಿ ಶಾಲಾ ಕೊಠಡಿ, ವಿದ್ಯಾರ್ಥಿವೇತನ, ಶೌಚಾಲಯದಂತಹ ಕಣ್ಣಿಗೆ ಕಾಣುವ ಕೆಲಸಗಳಿಗೆ ಹಣ ನೀಡುತ್ತವೆಯೇ ಹೊರತು ಬರಿಯ ಸಂಶೋಧನೆಗೆ ಸುಲಭವಾಗಿ ಒಪ್ಪುವುದಿಲ್ಲ.

ಇಲ್ಲಿ ಸಮಾಜ ಸಂಶೋಧಕರು ಗಮನಿಸಬೇಕಾದ ದಾರಿಯೊಂದು 2021ರ ನಿಯಮಗಳಿಂದ ತೆರೆದಿದೆ. ಸರಾಸರಿ 10 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಸಿಎಸ್‌ಆರ್ ಬಾಧ್ಯತೆಯುಳ್ಳ ಕಂಪನಿಗಳು, ಒಂದು ಕೋಟಿ ಅಥವಾ ಅದಕ್ಕೂ ಮೀರಿದ ವೆಚ್ಚದ ಯೋಜನೆಗಳಿಂದ ಜನರಿಗೆ ನಿಜಕ್ಕೂ ಏನು ದೊರೆಯಿತು ಎಂಬುದನ್ನು ಸ್ವತಂತ್ರ ಸಂಸ್ಥೆಯಿಂದ ಮೌಲ್ಯಮಾಪನ ಮಾಡಿಸಬೇಕು. ಮನೆಮನೆ ಸಮೀಕ್ಷೆ, ಗುಂಪು ಚರ್ಚೆ, ಕ್ಷೇತ್ರ ಭೇಟಿಗಳ ತರಬೇತಿಯೇ ಸಮಾಜಕಾರ್ಯ ಶಿಕ್ಷಣದ ತಿರುಳಾಗಿರುವುದರಿಂದ ಈ ಊರಿನ ವಿಭಾಗಗಳು ಅದನ್ನು ಸಮರ್ಥವಾಗಿ ಮಾಡಬಲ್ಲವು. ಕಂಪನಿಗೆ ಅಪ್ರಿಯವಾದ ಫಲಿತಾಂಶವನ್ನೂ ಬರೆಯುವ ಸ್ವಾತಂತ್ರ್ಯವನ್ನು ಒಪ್ಪಂದದಲ್ಲಿಯೇ ಸ್ಪಷ್ಟಪಡಿಸಿಕೊಳ್ಳುವುದು ಮಾತ್ರ ಅಗತ್ಯ.

ಪ್ರತಿಷ್ಠಾನಗಳಲ್ಲಿ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಕನ್ನಡಿಗರಿಗೆ ವಿಶೇಷವಾಗಿ ಹತ್ತಿರದ್ದು. 1993ರಲ್ಲಿ ಸ್ಥಾಪಿತವಾದ ಇದು ಕಲೆಯನ್ನು ಕುರಿತ ಸಂಶೋಧನೆಗೂ, ‘ಕಲಿ–ಕಲಿಸು’ ಕಾರ್ಯಕ್ರಮದ ಮೂಲಕ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿನ ಕಲಾಶಿಕ್ಷಣಕ್ಕೂ ನೆರವು ನೀಡುತ್ತದೆ. ಪ್ರಸ್ತಾವನೆಯನ್ನು ಕನ್ನಡದಲ್ಲಿಯೇ ಬರೆದು ಕಳುಹಿಸಬಹುದು. ಯಕ್ಷಗಾನವನ್ನೋ ಪಾಡ್ದನವನ್ನೋ ತರಗತಿಗೆ ತರಲು ಬಯಸುವ ಸರ್ಕಾರಿ ಶಾಲೆಯ ಶಿಕ್ಷಕರಿಗೆ ಇದು ನೇರವಾಗಿ ಒದಗುವ ಅವಕಾಶ.

ವಿದೇಶದ ಹಣಕ್ಕೆ ಬೇರೆಯೇ ಕಟ್ಟಳೆಗಳಿವೆ. 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಡಿ, ಅಂದರೆ ಎಫ್‌ಸಿಆರ್‌ಎ ಅಡಿಯಲ್ಲಿ, ಕೇಂದ್ರ ಗೃಹ ಸಚಿವಾಲಯದ ನೋಂದಣಿಯನ್ನೋ ಪೂರ್ವಾನುಮತಿಯನ್ನೋ ಪಡೆಯದ ಸಂಘಸಂಸ್ಥೆ ಹೊರದೇಶದ ನೆರವನ್ನು ಸ್ವೀಕರಿಸುವಂತಿಲ್ಲ. 2020ರ ತಿದ್ದುಪಡಿಯ ನಂತರ ಆ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಆಡಳಿತ ವೆಚ್ಚ ಶೇ. 20ನ್ನು ಮೀರಬಾರದು, ಒಂದು ಸಂಸ್ಥೆ ಪಡೆದ ಹಣವನ್ನು ಇನ್ನೊಂದಕ್ಕೆ ವರ್ಗಾಯಿಸಬಾರದು. ಹೀಗಾಗಿ ದೊಡ್ಡ ಸಂಸ್ಥೆಯೊಂದು ವಿದೇಶದ ನೆರವು ಪಡೆದು ಹಳ್ಳಿಯ ಚಿಕ್ಕ ಸಂಘಕ್ಕೆ ಅದರ ಪಾಲನ್ನು ಕೊಡುವ ಹಿಂದಿನ ಪದ್ಧತಿ ನಿಂತಿದೆ. ವಿದೇಶದ ಪ್ರತಿಷ್ಠಾನಕ್ಕೆ ಅರ್ಜಿ ಬರೆಯಲು ತೊಡಗುವ ಮುನ್ನ ತಮ್ಮ ಸಂಸ್ಥೆಗೆ ಈ ಅರ್ಹತೆ ಇದೆಯೇ ಎಂದು ವಿಚಾರಿಸಿಕೊಂಡರೆ ತಿಂಗಳುಗಳ ಶ್ರಮ ಉಳಿಯುತ್ತದೆ.

ಪ್ರಸ್ತಾವನೆಯ ಒಳಗೆ

ಅನುದಾನ ಸಿಗುವುದೂ ತಪ್ಪುವುದೂ ಬಹುಮಟ್ಟಿಗೆ ಪ್ರಶ್ನೆಯ ರೂಪವನ್ನೇ ಅವಲಂಬಿಸಿದೆ. ‘ದಕ್ಷಿಣ ಕನ್ನಡದ ಕೊರಗ ಮಕ್ಕಳ ಶಿಕ್ಷಣ: ಸಮಸ್ಯೆ ಮತ್ತು ಪರಿಹಾರ’ ಎಂಬ ಶೀರ್ಷಿಕೆ ಪರಿಶೀಲಕರಿಗೆ ಏನನ್ನೂ ತಿಳಿಸುವುದಿಲ್ಲ. ಕರ್ನಾಟಕದ ಬಹುಪಾಲು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳು 7ನೆಯ ತರಗತಿಗೆ ಮುಗಿಯುತ್ತವೆ, 8ನೆಯ ತರಗತಿಗೆ ಮಗು ಬೇರೆ ಶಾಲೆಗೆ, ಹಲವು ಸಲ ಬೇರೆ ಊರಿಗೆ, ಹೋಗಬೇಕಾಗುತ್ತದೆ. ಆದ್ದರಿಂದ ‘ಮಂಗಳೂರು ತಾಲ್ಲೂಕಿನಲ್ಲಿ 7ನೆಯ ತರಗತಿ ಮುಗಿಸಿದ ಕೊರಗ ಮಕ್ಕಳಲ್ಲಿ 8ಕ್ಕೆ ಸೇರದವರು ಯಾರು, ಆ ತೀರ್ಮಾನದಲ್ಲಿ ದೂರ, ಹಾಸ್ಟೆಲು, ಭಾಷೆ ಮತ್ತು ಮನೆಯ ಬುಟ್ಟಿ ಹೆಣೆಯುವ ಕೆಲಸ ಇವುಗಳ ಪಾಲೆಷ್ಟು’ ಎಂದು ಕೇಳಿದರೆ ಅಧ್ಯಯನಕ್ಕೆ ಗಡಿ ಬರುತ್ತದೆ. ರಾಜ್ಯದ ಶಾಲಾ ಮಕ್ಕಳ ದಾಖಲಾತಿಯನ್ನು ಹಿಡಿದಿಡುವ ಸ್ಯಾಟ್ಸ್ ವ್ಯವಸ್ಥೆಯಿಂದ, ಶಿಕ್ಷಣ ಇಲಾಖೆಯ ಅನುಮತಿ ಪಡೆದು, ಆರಂಭದ ಮಾಹಿತಿ ಸಂಗ್ರಹಿಸಬಹುದು. ಉಳಿದದ್ದನ್ನು ಕುಟುಂಬಗಳ ಸಂದರ್ಶನದಿಂದ ತಿಳಿಯಬೇಕು. ಕೇಂದ್ರ ಸರ್ಕಾರವು ವಿಶೇಷ ದುರ್ಬಲ ಬುಡಕಟ್ಟೆಂದು ಗುರುತಿಸಿರುವ, ಕೊರಗರನ್ನು ಕೀಳೆಂದು ನಡೆಸಿಕೊಳ್ಳುವ ಅಜಲು ಪದ್ಧತಿಯ ಅವಮಾನವನ್ನು 2000ದ ಕಾಯ್ದೆ ನಿಷೇಧಿಸುವವರೆಗೂ ಸಹಿಸಬೇಕಾಗಿದ್ದ ಸಮುದಾಯ ಇದಾದ್ದರಿಂದ, ಪೋಷಕರ ಮತ್ತು ಮಕ್ಕಳ ಒಪ್ಪಿಗೆ, ಹೆಸರುಗಳ ಗೋಪ್ಯತೆ, ಸಂಶೋಧನಾ ಸಹಾಯಕರಾಗಿ ಅದೇ ಸಮುದಾಯದ ವಿದ್ಯಾವಂತರ ನೇಮಕ ಇವುಗಳನ್ನು ಪ್ರಸ್ತಾವನೆಯಲ್ಲಿ ವಿವರವಾಗಿ ಬರೆಯುವುದು ನ್ಯಾಯವೂ ಹೌದು.

ವೆಚ್ಚದ ಪಟ್ಟಿಯೂ ಇಷ್ಟೇ ನಿಖರವಾಗಿರಬೇಕು. ಸಹಾಯಕರ ಸಂಬಳ, ಕ್ಷೇತ್ರಕಾರ್ಯ, ಸಲಕರಣೆ, ವರದಿಯ ಮುದ್ರಣ, ಸಂಸ್ಥೆಯ ಕಟ್ಟಡ ಮತ್ತು ಕಚೇರಿ ಸೌಲಭ್ಯಗಳ ಬಾಬ್ತು ಕೊಡುವ ಮೇಲುವೆಚ್ಚ ಎಂಬ ಶೀರ್ಷಿಕೆಗಳಲ್ಲಿ ಒಂದರ ಹಣವನ್ನು ಅನುಮತಿಯಿಲ್ಲದೆ ಮತ್ತೊಂದಕ್ಕೆ ಬಳಸುವಂತಿಲ್ಲ. ಹಣ ಕಂತುಗಳಲ್ಲಿ ಬರುತ್ತದೆ. ಮೊದಲ ಕಂತಿನ ಬಳಕೆ ಪ್ರಮಾಣಪತ್ರವನ್ನು ಸಂಸ್ಥೆ ಸಲ್ಲಿಸಿದ ಮೇಲೆಯೇ ಮುಂದಿನದು ಬಿಡುಗಡೆಯಾಗುತ್ತದೆ. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳ 12–ಎ ನಮೂನೆಯ ಈ ಪತ್ರದಲ್ಲಿ ಬಂದ ಹಣ, ಖರ್ಚು, ಉಳಿಕೆಗಳ ಜೊತೆಗೆ ಬ್ಯಾಂಕಿನಲ್ಲಿದ್ದಾಗ ಸೇರಿದ ಬಡ್ಡಿಯನ್ನೂ ತೋರಿಸಬೇಕು. ಕ್ಷೇತ್ರದಲ್ಲಿ ವರ್ಷವಿಡೀ ದುಡಿದ ಸಂಶೋಧಕರ ಎರಡನೆಯ ಕಂತು ಕಚೇರಿಯ ಲೆಕ್ಕ ತಡವಾಯಿತೆಂಬ ಕಾರಣಕ್ಕೆ ನಿಂತು, ಸಹಾಯಕರು ಸಂಬಳವಿಲ್ಲದೆ ಕೆಲಸ ಬಿಟ್ಟು ಹೋಗುವಂತಾದರೆ, ಅಧ್ಯಯನಕ್ಕೆ ಆಗುವ ನಷ್ಟವನ್ನು ಆಮೇಲೆ ತುಂಬಿಕೊಡುವುದು ಕಷ್ಟ.

ಮಂಗಳೂರು ಮಾಡಬಹುದಾದದ್ದು

ಈ ಎಲ್ಲ ವಿವರಗಳನ್ನು ಒಟ್ಟಾಗಿ ನೋಡಿದರೆ, ಪ್ರತಿಯೊಬ್ಬ ಅಧ್ಯಾಪಕರೂ ಒಂಟಿಯಾಗಿ ಕರೆಗಳನ್ನು ಹುಡುಕಿ, ನಿಯಮಗಳನ್ನು ಓದಿ, ಲೆಕ್ಕಪತ್ರ ಬರೆಯುವ ಈಗಿನ ರೀತಿ ಫಲಕಾರಿಯಲ್ಲ ಎಂಬುದು ಸ್ಪಷ್ಟ. ನಗರದ ಕಾಲೇಜುಗಳು ವಿಶ್ವವಿದ್ಯಾಲಯದ ಜೊತೆಗೂಡಿ ಒಂದು ಸಾಮಾನ್ಯ ಅನುದಾನ ಕೇಂದ್ರವನ್ನು ನಡೆಸುವುದು ಸಾಧ್ಯವಿದೆ. ವರ್ಷದ ಕರೆಗಳನ್ನು ಮುಂಚಿತವಾಗಿ ತಿಳಿಸುವ, ಕರಡನ್ನು ಅನುಭವಿಗಳಿಂದ ಓದಿಸಿ ತಿದ್ದಿಸುವ, ಮಕ್ಕಳನ್ನು ಕುರಿತ ಅಧ್ಯಯನಗಳ ನೈತಿಕ ಪರಿಶೀಲನೆ ಮಾಡುವ, ಬಳಕೆ ಪ್ರಮಾಣಪತ್ರವನ್ನು ಸಕಾಲದಲ್ಲಿ ಕಳುಹಿಸುವ ನಾಲ್ಕು ಕೆಲಸಗಳನ್ನು ಅದು ವಹಿಸಿಕೊಂಡರೆ, ಸಣ್ಣ ಕಾಲೇಜಿನ ಅಧ್ಯಾಪಕರು ದೊಡ್ಡ ಸಂಸ್ಥೆಯವರೊಂದಿಗೆ ಸಹಸಂಶೋಧಕರಾಗಿ ಸೇರಿಕೊಳ್ಳುವ ಅವಕಾಶವೂ ಹುಟ್ಟುತ್ತದೆ. ಪ್ರತಿ ಪ್ರಸ್ತಾವನೆಯ ವೆಚ್ಚದಲ್ಲಿಯೂ ವರದಿಯ ಕನ್ನಡ ರೂಪಕ್ಕೆ ಒಂದು ಪಾಲನ್ನು ತೆಗೆದಿರಿಸುವ ಪದ್ಧತಿಯನ್ನು ಆ ಕೇಂದ್ರ ಆರಂಭದಿಂದಲೇ ರೂಢಿಗೆ ತರಬೇಕು. ಸಾರ್ವಜನಿಕ ಹಣದಿಂದ ನಡೆದ ಅಧ್ಯಯನವು ಇಂಗ್ಲಿಷಿನ ವರದಿಯಾಗಿ ದೆಹಲಿಯ ಕಡತದಲ್ಲಿಯೇ ಉಳಿದರೆ, ತಮ್ಮ ಸಮಯವನ್ನೂ ಮಾತನ್ನೂ ಕೊಟ್ಟ ಕುಟುಂಬಗಳಿಗೆ, ಶಾಲೆಯ ಮುಖ್ಯೋಪಾಧ್ಯಾಯರಿಗೆ, ತೀರ್ಮಾನ ಕೈಗೊಳ್ಳಬೇಕಾದ ಪಂಚಾಯಿತಿಗೆ ಅದರ ಪ್ರಯೋಜನ ದೊರೆಯುವುದಿಲ್ಲ. ಅವರು ಓದಬಲ್ಲ ಭಾಷೆಯಲ್ಲಿ ಅದು ಅವರ ಕೈ ಸೇರಿದಾಗ, ಮುಂದಿನ ಅಧ್ಯಯನ ಯಾವುದಾಗಬೇಕೆಂದು ಹೇಳುವ ಅಧಿಕಾರವೂ ಅವರಿಗೆ ಬರುತ್ತದೆ.