ಎರವಲು ಉಡುಪನ್ನು ಸುಟ್ಟ ಗಾಯಕಿ

ಗಾಯಕಿಯೊಬ್ಬಳು ಚಲಚ್ಚಿತ್ರ ನಟಿಯಾದಳೆಂದರೆ ನಮ್ಮ ಓದುಗರಿಗೆ ಅದೇನೂ ಅಚ್ಚರಿಯ ಸಂಗತಿಯಲ್ಲ. ಭಾರತದ ವಾಕ್ಚಿತ್ರಗಳ ಮೊದಲ ದಿನಗಳಲ್ಲಿ ಹಾಡಬಲ್ಲವರೇ ನಟಿಸಬಲ್ಲವರೆಂಬ ನಂಬಿಕೆಯಿತ್ತು. ೧೯೪೫ರ ‘ಮೀರಾ’ ಚಿತ್ರಕ್ಕೆ ಜನ ಹೋದುದು ಎಂ. ಎಸ್. ಸುಬ್ಬುಲಕ್ಷ್ಮಿಯವರ ಗಾನವನ್ನು ಕೇಳುವ ಆಸೆಯಿಂದಲೇ. ಅಮೆರಿಕದಲ್ಲಿಯೂ ಗಾಯಕಿಯರು ಬೆಳ್ಳಿತೆರೆಯನ್ನೇರಿದ ನಿದರ್ಶನಗಳು ಬೇಕಾದಷ್ಟಿವೆ. ಆದರೆ ಗಾಯಕಿ ಕಪ್ಪುವರ್ಣದವಳಾದರೆ ಆ ದೇಶದ ಚಿತ್ರರಂಗದ ಲೆಕ್ಕಾಚಾರವೇ ಬೇರೆಯಾಗಿತ್ತು. ಚಿತ್ರದ ನಡುವೆ ಒಂದು ಹಾಡನ್ನು ಹಾಡಿ ಮರೆಯಾಗಬೇಕು. ಇಲ್ಲವೇ ಮನೆಗೆಲಸದವಳ ಪಾತ್ರವನ್ನು ಧರಿಸಿ ಬಿಳಿಯ ಯಜಮಾನಿಯ ಬೆನ್ನ ಹಿಂದೆ ನಿಲ್ಲಬೇಕು. ಈ ಎರಡು ಬಾಗಿಲುಗಳಲ್ಲದೆ ಮೂರನೆಯದೊಂದು ಇರಲೇಬೇಕೆಂದು ಹಟ ಹಿಡಿದವರಲ್ಲಿ ಆಬಿ ಲಿಂಕನ್ ಒಬ್ಬಳು. ಆ ಹಟಕ್ಕೆ ಆಕೆ ತೆತ್ತ ಬೆಲೆ ಸಣ್ಣದಲ್ಲ.

ಹೆಸರಿನ ಮೇಲೆ ಹೆಸರು

ಆಕೆಗೆ ತಂದೆತಾಯಿಗಳಿಟ್ಟ ಹೆಸರು ಆನಾ ಮರೀ ವುಲ್ಡ್ರಿಜ್. ೧೯೩೦ನೆಯ ಇಸವಿಯ ಆಗಸ್ಟ್ ೬ರಂದು ಶಿಕಾಗೋ ನಗರದಲ್ಲಿ ಜನನ. ಹನ್ನೆರಡು ಮಕ್ಕಳ ದೊಡ್ಡ ಸಂಸಾರದಲ್ಲಿ ಆಕೆ ಹತ್ತನೆಯವಳು. ಬೆಳೆದುದು ಮಿಶಿಗನ್ ಪ್ರಾಂತದ ಹಳ್ಳಿಗಾಡಿನಲ್ಲಿ. ಮನೆಯಲ್ಲಿದ್ದ ಪಿಯಾನೋದ ಮುಂದೆ ಕುಳಿತು ತಾನಾಗಿಯೇ ಸ್ವರಗಳನ್ನು ಹುಡುಕಿಕೊಂಡ ಹುಡುಗಿಗೆ, ಬಿಲಿ ಹಾಲಿಡೇ ಎಂಬ ಮಹಾಗಾಯಕಿಯ ಗ್ರಾಮಫೋನ್ ತಟ್ಟೆಗಳು ಗುರುವಾದುವು.

ಹಾಡನ್ನೇ ಜೀವನೋಪಾಯವಾಗಿ ಮಾಡಿಕೊಂಡು ಇಪ್ಪತ್ತೆರಡರ ಪ್ರಾಯದಲ್ಲಿ ಆಕೆ ಹವಾಯಿ ದ್ವೀಪದ ಹೊನೊಲುಲುವಿಗೆ ಹೋದಳು. ಅಲ್ಲಿನ ರಾತ್ರಿಯ ಕ್ಲಬ್ಬುಗಳಲ್ಲಿ ಎರಡು ವರ್ಷ ಹಾಡಿದಾಗ ಆಕೆಯ ಹೆಸರು ಗ್ಯಾಬಿ ಲೀ. ತನ್ನ ಆರಾಧ್ಯದೇವತೆಯಾದ ಬಿಲಿ ಹಾಲಿಡೇಯನ್ನು ಆಕೆ ಕಣ್ಣಾರೆ ಕಂಡದ್ದೂ ಅಲ್ಲಿಯೇ. ಬಳಿಕ ಲಾಸ್ ಏಂಜಲಿಸ್ ನಗರಕ್ಕೆ ಬಂದಾಗ, ಗೀತರಚನಕಾರನಾದ ಬಾಬ್ ರಸೆಲ್ ಆಕೆಗೆ ಇನ್ನೊಂದು ಹೆಸರನ್ನು ಕಟ್ಟಿಕೊಟ್ಟನು. ಲಂಡನ್ನಿನ ಪ್ರಸಿದ್ಧ ದೇವಾಲಯವಾದ ವೆಸ್ಟ್‌ಮಿನ್‌ಸ್ಟರ್ ಆಬಿಯಿಂದ ಮೊದಲ ಭಾಗ. ಗುಲಾಮಗಿರಿಯ ವಿಮೋಚನೆಯನ್ನು ಸಾರಿದ ಅಧ್ಯಕ್ಷ ಅಬ್ರಹಾಂ ಲಿಂಕನ್‌ನಿಂದ ಎರಡನೆಯ ಭಾಗ. ಹೀಗೆ ೧೯೫೬ರಲ್ಲಿ ಆನಾ ಮರೀ, ಆಬಿ ಲಿಂಕನ್ ಆದಳು. ಅದೇ ವರ್ಷ ಮೊದಲ ಧ್ವನಿಮುದ್ರಿಕೆ ಹೊರಬಿತ್ತು. ಅದರ ಹೊದಿಕೆಯ ಮೇಲಿನ ಚಿತ್ರವನ್ನು ಕಂಡವರಿಗೆ, ಮಾರಾಟಕ್ಕಿಟ್ಟಿರುವುದು ಹಾಡನ್ನೋ ಹಾಡುವವಳ ರೂಪವನ್ನೋ ಎಂಬ ಸಂಶಯ ಹುಟ್ಟಬೇಕು.

ಆ ವರ್ಷದ ಕೊನೆಗೆ ‘ದಿ ಗರ್ಲ್ ಕಾಂಟ್ ಹೆಲ್ಪ್ ಇಟ್’ ಎಂಬ ಹಾಲಿವುಡ್ ಚಿತ್ರದಲ್ಲಿ ಒಂದೇ ಒಂದು ಹಾಡಿಗೆ ಆಕೆ ತೆರೆಯ ಮೇಲೆ ಬಂದಳು. ನಾಯಕಿ ಜೇನ್ ಮ್ಯಾನ್ಸ್‌ಫೀಲ್ಡ್. ಆಬಿ ಅಂದು ತೊಟ್ಟ ಉಡುಪು ಹೊಸದಲ್ಲ. ೧೯೫೩ರ ‘ಜೆಂಟಲ್‌ಮೆನ್ ಪ್ರಿಫರ್ ಬ್ಲಾಂಡ್ಸ್’ ಚಿತ್ರದಲ್ಲಿ ಮರ್ಲಿನ್ ಮನ್ರೋ ತೊಟ್ಟಿದ್ದುದು. ಪತ್ರಿಕೆಗಳು ಅದನ್ನು ದೊಡ್ಡದು ಮಾಡಿದುವು. ‘ಎಬೊನಿ’ ಪತ್ರಿಕೆಯ ಮುಖಪುಟದಲ್ಲಿ ಆಕೆಯ ಚಿತ್ರ ಬಂದಿತು. ಕೀರ್ತಿಯ ಸೋಪಾನದ ಮೊದಲ ಮೆಟ್ಟಿಲು ಅದೆಂದು ಯಾರಾದರೂ ಹೇಳುತ್ತಿದ್ದರು.

ಆದರೆ ಆಕೆಗೆ ಮಾತ್ರ ಅದು ಉಸಿರುಕಟ್ಟಿಸುವಂತಿತ್ತು. ಮ್ಯಾಕ್ಸ್ ರೋಚ್ ಎಂಬ ಡ್ರಮ್ ವಾದಕನ ಪರಿಚಯ ಆಕೆಗಿತ್ತು. ಆಧುನಿಕ ಜಾಜ್ ಸಂಗೀತದ ನಿರ್ಮಾಪಕರಲ್ಲಿ ಒಬ್ಬನೆಂದು ಹೆಸರಾದ ಆತ, ಇಂಥ ವೇಷದ ಅಗತ್ಯ ನಿನಗಿಲ್ಲವೆಂದು ತಿಳಿಯಹೇಳಿದನು. ಆಬಿ ಆ ಉಡುಪನ್ನು ಬೆಂಕಿಗೆ ಹಾಕಿದಳು. ಇದು ಇತರರು ಕಟ್ಟಿದ ಕತೆಯಲ್ಲ; ಮುಂದೆ ಹಲವು ಸಲ ಆಕೆಯೇ ಹೇಳಿಕೊಂಡ ಮಾತು.

ಚೀತ್ಕಾರವೂ ಸಂಗೀತವಾದಾಗ

ನ್ಯೂಯಾರ್ಕಿಗೆ ಬಂದ ಆಬಿ ೧೯೫೭ರಲ್ಲಿ ‘ದಟ್ಸ್ ಹಿಮ್’ ಎಂಬ ಧ್ವನಿಮುದ್ರಿಕೆಯನ್ನು ಹಾಡಿದಳು. ಸಹವಾದಕರು ಸಾನಿ ರಾಲಿನ್ಸ್, ಕೆನಿ ಡಾರಮ್, ವಿಂಟನ್ ಕೆಲಿ, ಪಾಲ್ ಚೇಂಬರ್ಸ್ ಮತ್ತು ರೋಚ್. ಎಲ್ಲರೂ ಜಾಜ್ ಲೋಕದ ಅಗ್ರಗಣ್ಯರು. ನಮ್ಮ ಸಂಗೀತದಲ್ಲಿ ಮನೋಧರ್ಮವೆನ್ನುವ ಗುಣವೇ ಜಾಜ್ ಸಂಗೀತದ ಜೀವಾಳ. ಕಲಿತ ಪಾಠವನ್ನು ಒಪ್ಪಿಸಿದರೆ ಸಾಲದು. ಕಲಾವಿದ ಆ ಕ್ಷಣದ ತನ್ನ ಭಾವವನ್ನು ಅದರಲ್ಲಿ ಬೆರೆಸಬೇಕು. ಆಬಿಯ ಕಂಠಕ್ಕೆ ಮಹಾ ವಿಸ್ತಾರವಿರಲಿಲ್ಲ, ಗಮಕಗಳ ವೈಭವವೂ ಇರಲಿಲ್ಲ. ಮಾತನಾಡುವವಳಂತೆ ಹಾಡುವುದು ಆಕೆಯ ರೀತಿ. ಒಂದೊಂದು ಪದವನ್ನೂ ತೂಗಿ ನೋಡಿ, ತನಗೆ ನಿಜವೆನಿಸಿದರೆ ಮಾತ್ರ ಉಚ್ಚರಿಸುವಳೋ ಎಂಬಂತಿರುತ್ತಿತ್ತು. ಈ ಗುಣವೇ ಮುಂದೆ ಆಕೆಯ ನಟನೆಗೂ ಆಸರೆಯಾಯಿತು.

೧೯೬೦ರ ಫೆಬ್ರುವರಿಯಲ್ಲಿ ಉತ್ತರ ಕೆರೊಲಿನಾದ ಗ್ರೀನ್ಸ್‌ಬರೊ ಊರಿನಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು, ಬಿಳಿಯರಿಗೆ ಮಾತ್ರವೆಂದು ಮೀಸಲಾಗಿದ್ದ ಉಪಾಹಾರದ ಕಟ್ಟೆಯ ಮುಂದೆ ಕುಳಿತು ಸತ್ಯಾಗ್ರಹ ಹೂಡಿದರು. ಅದರ ಕಿಡಿ ದೇಶವನ್ನೆಲ್ಲ ವ್ಯಾಪಿಸಿತು. ಅದೇ ವರ್ಷ ರೋಚ್ ‘ವಿ ಇನ್ಸಿಸ್ಟ್!’ ಎಂಬ ಕೃತಿಯನ್ನು ಧ್ವನಿಮುದ್ರಿಸಿದನು. ಆಸ್ಕರ್ ಬ್ರೌನ್ ಜೂನಿಯರ್ ಎಂಬ ಕವಿ ಸಾಹಿತ್ಯವನ್ನು ಒದಗಿಸಿದನು. ಮುಖ್ಯ ಗಾಯಕಿ ಆಬಿ. ಅದರ ಒಂದು ಭಾಗದಲ್ಲಿ ಸಾಹಿತ್ಯವೇ ಇಲ್ಲ. ಡ್ರಮ್ ಮತ್ತು ಕಂಠ, ಎರಡೇ. ಪ್ರಾರ್ಥನೆ, ಪ್ರತಿಭಟನೆ, ಶಾಂತಿ ಎಂಬ ಮೂರು ಖಂಡಗಳು. ನಡುವಿನ ಖಂಡದಲ್ಲಿ ಆಕೆ ಹಾಡುವುದಿಲ್ಲ, ಚೀರುತ್ತಾಳೆ. ಶತಮಾನಗಳ ದಾಸ್ಯದ ನೋವೆಲ್ಲ ಆ ಚೀತ್ಕಾರದಲ್ಲಿ ಒಡೆದು ಬರುತ್ತದೆ. ಸಂಜೆಯ ವಿರಾಮಕ್ಕೆಂದು ತಟ್ಟೆ ಕೊಂಡವರು ಬೆಚ್ಚಿಬಿದ್ದುದು ಸಹಜವೇ. ೨೦೨೨ರಲ್ಲಿ ಇದೇ ಕೃತಿಯನ್ನು ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವು ದೇಶವು ಕಾಪಾಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. ಆ ಮನ್ನಣೆ ಬರಲು ಅರುವತ್ತೆರಡು ವರ್ಷಗಳು ಬೇಕಾದುವು.

೧೯೬೧ರ ಫೆಬ್ರುವರಿಯಲ್ಲಿ ಕಾಂಗೋ ದೇಶದ ನಾಯಕ ಲುಮುಂಬಾನ ಕೊಲೆಯ ಸುದ್ದಿ ಬಂದಾಗ, ವಿಶ್ವಸಂಸ್ಥೆಯ ಭದ್ರತಾ ಮಂಡಲಿಯ ಸಭಾಂಗಣಕ್ಕೆ ನುಗ್ಗಿ ಪ್ರತಿಭಟಿಸಿದವರ ತಂಡದಲ್ಲಿ ಲೇಖಕಿ ಮಾಯಾ ಏಂಜೆಲೊಳೊಡನೆ ಆಬಿಯೂ ಇದ್ದಳು. ಅದೇ ವರ್ಷ ‘ಸ್ಟ್ರೇಟ್ ಅಹೆಡ್’ ಎಂಬ ಆಕೆಯ ಧ್ವನಿಮುದ್ರಿಕೆ ಬಂದಿತು. ‘ಡೌನ್ ಬೀಟ್’ ಪತ್ರಿಕೆಯಲ್ಲಿ ಐರಾ ಗಿಟ್ಲರ್ ಎಂಬ ವಿಮರ್ಶಕ ಅದನ್ನು ಕಟುವಾಗಿ ಖಂಡಿಸಿ, ಆಕೆ ತನ್ನ ಜನಾಂಗವನ್ನೇ ಉದ್ಯೋಗ ಮಾಡಿಕೊಂಡಿರುವಳೆಂಬ ಧಾಟಿಯಲ್ಲಿ ಬರೆದನು. ಆ ಬರಹವೆಬ್ಬಿಸಿದ ಧೂಳು ಎಷ್ಟೆಂದರೆ, ಜಾಜ್ ಲೋಕದ ವರ್ಣದ್ವೇಷವನ್ನು ಕುರಿತು ಪತ್ರಿಕೆಯೇ ಒಂದು ಚರ್ಚಾಗೋಷ್ಠಿಯನ್ನು ಕರೆದು, ಅದರ ವರದಿಯನ್ನು ೧೯೬೨ರಲ್ಲಿ ಅಚ್ಚುಹಾಕಬೇಕಾಯಿತು. ಆಬಿ ಅಲ್ಲಿ ಕುಳಿತು ಎದುರೆದುರೇ ಉತ್ತರ ಕೊಟ್ಟಳು. ಗೆದ್ದವರಾರೆಂಬ ಮಾತು ಬೇರೆ. ಮುಂದಿನ ಹನ್ನೆರಡು ವರ್ಷ ಆಕೆಯ ಸ್ವಂತ ಹೆಸರಿನಲ್ಲಿ ಒಂದೇ ಒಂದು ಧ್ವನಿಮುದ್ರಿಕೆಯೂ ಹೊರಬರಲಿಲ್ಲ.

ಉಪಾಧ್ಯಾಯಿನಿ ಜೋಸಿ

ಹಾಡಿನ ಬಾಗಿಲು ಹೀಗೆ ಮುಚ್ಚಿಕೊಂಡ ಕಾಲದಲ್ಲಿ ನಟನೆಯ ಬಾಗಿಲು ತೆರೆಯಿತು. ತೆರೆದವನು ಮೈಕಲ್ ರೋಮರ್. ಬರ್ಲಿನ್ನಿನ ಯೆಹೂದ್ಯ ಮನೆತನದವನು. ಬಾಲ್ಯದಲ್ಲಿ ಹಿಟ್ಲರನ ಜರ್ಮನಿಯಿಂದ ಪಾರಾಗಿ ಬಂದವನು. ಹುಟ್ಟಿದ ನಾಡಿನಲ್ಲೇ ಹೊರಗಿನವನಾಗುವ ಸಂಕಟ ಆತನಿಗೆ ಪುಸ್ತಕದಿಂದ ತಿಳಿದುದಲ್ಲ. ಗೆಳೆಯ ರಾಬರ್ಟ್ ಯಂಗ್‌ನೊಡನೆ ದಕ್ಷಿಣದ ಪ್ರಾಂತಗಳಲ್ಲಿ ಸಂಚರಿಸಿ, ಕಪ್ಪು ಕುಟುಂಬಗಳ ನಡುವೆ ಇದ್ದು ಬಂದು ಬರೆದ ಕಥೆಯೇ ‘ನಥಿಂಗ್ ಬಟ್ ಎ ಮ್ಯಾನ್’. ಕಥೆ ನಡೆಯುವುದು ಅಲಬಾಮಾದಲ್ಲಿ. ಚಿತ್ರೀಕರಣ ನಡೆದುದು ನ್ಯೂಜೆರ್ಸಿಯಲ್ಲಿ.

ರೈಲುಹಳಿಗಳನ್ನು ದುರಸ್ತು ಮಾಡುವ ಕೂಲಿ ಡಫ್, ಪಾದ್ರಿಯ ಮಗಳೂ ಶಾಲೆಯ ಉಪಾಧ್ಯಾಯಿನಿಯೂ ಆದ ಜೋಸಿಯನ್ನು ಮೆಚ್ಚಿ ಮದುವೆಯಾಗುತ್ತಾನೆ. ಬಿಳಿಯರ ಮುಂದೆ ತಲೆತಗ್ಗಿಸಲು ಆತ ಒಲ್ಲ. ಒಂದೊಂದಾಗಿ ಕೆಲಸಗಳು ಕೈಬಿಡುತ್ತವೆ. ಊರಿನ ದೊಡ್ಡವರೊಡನೆ ಹೊಂದಿಕೊಂಡು ಬಾಳಿದ ಮಾವನಿಗೆ ಅಳಿಯನ ನಡೆ ಹಿಡಿಸದು. ಹೊರಗೆ ಸೋತವನ ಕೋಪ ಮನೆಯೊಳಗೆ ಹರಿಯುತ್ತದೆ. ಗರ್ಭಿಣಿಯಾದ ಹೆಂಡತಿಯನ್ನೇ ತಳ್ಳಿ, ಮನೆಯನ್ನು ಬಿಟ್ಟು ಹೋಗುತ್ತಾನೆ. ಕೊನೆಗೆ, ತಾನು ದೂರವಿಟ್ಟಿದ್ದ ಪುಟ್ಟ ಮಗನನ್ನು ಕರೆದುಕೊಂಡು ಜೋಸಿಯ ಬಳಿಗೆ ಮರಳುತ್ತಾನೆ. ಕಷ್ಟಗಳು ತೀರಿದುವೆಂದು ಚಿತ್ರ ಹೇಳುವುದಿಲ್ಲ. ಇಬ್ಬರೂ ನೆಟ್ಟಗೆ ನಿಂತರೆಂದಷ್ಟೇ ಹೇಳುತ್ತದೆ.

ಡಫ್ ಆಗಿ ಐವಾನ್ ಡಿಕ್ಸನ್, ಜೋಸಿಯಾಗಿ ಆಬಿ. ಆಕೆಯದು ಗಾಯಕಿಯ ಪಾತ್ರವಲ್ಲ. ಚಿತ್ರದ ಹಿನ್ನೆಲೆಯಲ್ಲಿ ಡೆಟ್ರಾಯಿಟ್ ನಗರದ ಮೋಟೌನ್ ಸಂಸ್ಥೆಯ ಸೋಲ್ ಗೀತೆಗಳು ಕೇಳಿಬರುತ್ತವೆ. ದೇವಮಂದಿರದ ಭಕ್ತಿಗಾನದ ಆವೇಶವನ್ನು ಲೌಕಿಕ ಪ್ರೇಮಗೀತೆಗೆ ತುಂಬಿದ ಸಂಗೀತವದು. ಆ ಹಾಡುಗಳ ನಡುವೆ ಜೋಸಿ ಬಹುಪಾಲು ಮೌನಿ. ಸರಳವಾದ ಉಡುಪು, ಕಣ್ಣುಗಳಲ್ಲಿ ನಿಲುಗಡೆ, ತಗ್ಗಿದ ದನಿ. ಗಂಡನ ಅವಮಾನವನ್ನು ಬಲ್ಲಳು. ಅದರ ಏಟು ತನ್ನ ಮೇಲೆ ಬೀಳುವುದನ್ನೂ ಬಲ್ಲಳು. ಎರಡನ್ನೂ ಒಂದೇ ನೋಟದಲ್ಲಿ ತೋರುವುದು ಸುಲಭದ ಕೆಲಸವಲ್ಲ. ‘ವಿ ಇನ್ಸಿಸ್ಟ್!’ನಲ್ಲಿ ಚೀತ್ಕಾರದಿಂದ ಹೇಳಿದುದನ್ನೇ ಇಲ್ಲಿ ಆಕೆ ಮೌನದಿಂದ ಹೇಳಿದಳು.

ಚಿತ್ರವು ೧೯೬೪ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡು ಮೆಚ್ಚುಗೆ ಪಡೆಯಿತು. ೧೯೯೩ರಲ್ಲಿ ಅಮೆರಿಕದ ರಾಷ್ಟ್ರೀಯ ಚಲಚ್ಚಿತ್ರ ಪಟ್ಟಿಗೆ ಅದು ಸೇರಿತು.

೧೯೬೮ರಲ್ಲಿ ‘ಫಾರ್ ಲವ್ ಆಫ್ ಐವಿ’ ಬಂದಿತು. ಕಥೆ ಸಿಡ್ನಿ ಪಾಟಿಯೇನದು, ನಾಯಕನೂ ಆತನೇ. ಐವಿ ಬಿಳಿಯರ ಮನೆಯೊಂದರ ಸೇವಕಿ. ಅದೇ ಹಳೆಯ ಪಾತ್ರವಲ್ಲವೇ ಎಂದು ಓದುಗರು ಕೇಳಬಹುದು. ಆದರೆ ಈ ಸೇವಕಿ ಆರಂಭದಲ್ಲಿಯೇ ಕೆಲಸ ಬಿಡುತ್ತೇನೆ, ನಗರಕ್ಕೆ ಹೋಗಿ ಕಾರ್ಯದರ್ಶಿಯ ವಿದ್ಯೆಯನ್ನು ಕಲಿಯುತ್ತೇನೆ ಎಂದು ಘೋಷಿಸುತ್ತಾಳೆ. ಆಕೆಯನ್ನು ಉಳಿಸಿಕೊಳ್ಳಲು ಮನೆಯ ಮಕ್ಕಳು ಹೂಡುವ ತಂತ್ರವೇ ಕಥೆಯ ವಸ್ತು. ಸೇವಕಿಗೂ ಸ್ವಂತ ಆಸೆಯುಂಟು, ಪ್ರಣಯವುಂಟು ಎಂಬುದನ್ನು ಹಾಲಿವುಡ್ ಒಪ್ಪಿಕೊಂಡುದೇ ಅಂದಿಗೆ ಹೊಸತು. ಈ ಪಾತ್ರಕ್ಕಾಗಿ ಆಬಿಯ ಹೆಸರು ಗೋಲ್ಡನ್ ಗ್ಲೋಬ್ ಪ್ರಶಸ್ತಿಗೆ ಸೂಚಿತವಾಯಿತು.

ಮೌನದ ವರ್ಷಗಳು

ಎರಡು ಚಿತ್ರಗಳಲ್ಲಿ ಹೀಗೆ ಮಿಂಚಿದವಳಿಗೆ ಅವಕಾಶಗಳು ಸಾಲುಗಟ್ಟಿ ಬರಬೇಕಿತ್ತು. ಬರಲಿಲ್ಲ. ೧೯೬೬ರಲ್ಲಿ ‘ನೀಗ್ರೋ ಡೈಜೆಸ್ಟ್’ ಪತ್ರಿಕೆಯಲ್ಲಿ ಆಕೆಯೇ ಬರೆದ ಲೇಖನವೊಂದು, ಕಪ್ಪು ಹೆಣ್ಣನ್ನು ಗೌರವಿಸುವವರಾರು ಎಂಬ ಪ್ರಶ್ನೆಯನ್ನೆತ್ತಿತ್ತು. ಆ ಪ್ರಶ್ನೆ ಬಿಳಿಯರಿಗೆ ಮಾತ್ರವಲ್ಲ, ತನ್ನ ಜನಾಂಗದ ಗಂಡಸರಿಗೂ ಹಾಕಿದುದು. ೧೯೬೨ರಲ್ಲಿ ರೋಚ್‌ನೊಡನೆ ನಡೆದಿದ್ದ ವಿವಾಹ ೧೯೭೦ರಲ್ಲಿ ಮುರಿಯಿತು. ಲಾಸ್ ಏಂಜಲಿಸ್‌ಗೆ ಮರಳಿದ ಆಬಿ ಮೋಟಾರುಖಾನೆಯ ಮೇಲಣ ಸಣ್ಣ ಬಿಡಾರದಲ್ಲಿ ಇದ್ದು, ಮುದಿತಾಯಿಯನ್ನು ನೋಡಿಕೊಂಡು, ನಾರ್ತ್‌ರಿಜ್‌ನ ವಿಶ್ವವಿದ್ಯಾನಿಲಯದಲ್ಲಿ ನಾಟಕಕಲೆಯನ್ನು ಕಲಿಸಿದಳು. ತೆರೆಯ ಮೇಲೆ ಉಪಾಧ್ಯಾಯಿನಿಯಾಗಿದ್ದವಳು ಬಾಳಿನಲ್ಲಿಯೂ ಉಪಾಧ್ಯಾಯಿನಿಯಾದಳು.

ಆ ದಶಕದಲ್ಲಿಯೇ ಗಾಯಕಿ ಮಿರಿಯಂ ಮಕೇಬಾಳೊಡನೆ ಆಫ್ರಿಕದ ಯಾತ್ರೆ. ಗಿನಿ ದೇಶದ ಅಧ್ಯಕ್ಷ ಸೆಕು ಟೂರೆ ಆಕೆಗೆ ಅಮಿನಾಟಾ ಎಂಬ ಹೆಸರನ್ನಿತ್ತನು; ಜೈರ್ ದೇಶದ ಮಂತ್ರಿಯೊಬ್ಬನಿಂದ ಮೊಸೆಕಾ ಎಂಬ ಹೆಸರು ಬಂದಿತು. ಮಾರುಕಟ್ಟೆಗಾಗಿ ಇಟ್ಟುಕೊಂಡ ಹೆಸರುಗಳ ಬಳಿಕ, ಪೂರ್ವಿಕರ ನೆಲ ಕೊಟ್ಟ ಈ ಹೆಸರುಗಳನ್ನು ಆಕೆ ಅಕ್ಕರೆಯಿಂದ ಧರಿಸಿದಳು. ೧೯೭೩ರಲ್ಲಿ ಜಪಾನಿನಲ್ಲಿ ‘ಪೀಪಲ್ ಇನ್ ಮಿ’ ಧ್ವನಿಮುದ್ರಿಕೆಗೊಂಡಿತು. ಆ ಹೊತ್ತಿಗೆ ಇತರರು ಬರೆದುದನ್ನು ಹಾಡುವ ಆಬಿ ಹಿಂದೆ ಸರಿದು, ತನ್ನ ಹಾಡನ್ನು ತಾನೇ ಬರೆಯುವ ಆಬಿ ಮುಂದೆ ಬಂದಿದ್ದಳು.

ಮುಪ್ಪಿನಲ್ಲಿ ಬಂದ ವಸಂತ

೧೯೯೦ರಲ್ಲಿ ನಿರ್ದೇಶಕ ಸ್ಪೈಕ್ ಲೀ ‘ಮೋ ಬೆಟರ್ ಬ್ಲೂಸ್’ ಚಿತ್ರದಲ್ಲಿ ಆಕೆಗೊಂದು ಸಣ್ಣ ಪಾತ್ರ ಕೊಟ್ಟನು. ಮಗನನ್ನು ಆಟಕ್ಕೆ ಬಿಡದೆ ತುತ್ತೂರಿಯ ಅಭ್ಯಾಸಕ್ಕೆ ಕೂರಿಸುವ ತಾಯಿಯ ಪಾತ್ರ. ಅದೇ ವರ್ಷ ಫ್ರಾನ್ಸಿನ ನಿರ್ಮಾಪಕ ಜ಼ಾನ್ ಫಿಲಿಪ್ ಅಲಾರ್‌ನ ಪ್ರಯತ್ನದಿಂದ ‘ದಿ ವರ್ಲ್ಡ್ ಈಸ್ ಫಾಲಿಂಗ್ ಡೌನ್’ ಹೊರಬಂದಿತು. ಅರುವತ್ತರ ವಯಸ್ಸಿನ ಗಾಯಕಿಗೆ ಜಗತ್ತು ಕಿವಿಗೊಟ್ಟಿತು. ಮರುವರ್ಷದ ಧ್ವನಿಮುದ್ರಿಕೆಯಲ್ಲಿ ಸ್ಯಾಕ್ಸೊಫೋನ್ ನುಡಿಸಿದವನು ಸ್ಟಾನ್ ಗೆಟ್ಸ್. ಕೆಲವೇ ತಿಂಗಳುಗಳಲ್ಲಿ ಆತ ತೀರಿಕೊಂಡನು. ೨೦೦೩ರಲ್ಲಿ ಅಮೆರಿಕ ಸರ್ಕಾರದ ಕಲಾನಿಧಿಯಿಂದ ಜಾಜ್ ಸಂಗೀತಗಾರರಿಗೆ ಸಲ್ಲುವ ಪರಮೋಚ್ಚ ಗೌರವ ಆಬಿಗೆ ಸಂದಿತು. ೨೦೦೭ರ ‘ಆಬಿ ಸಿಂಗ್ಸ್ ಆಬಿ’ ಕೊನೆಯ ಧ್ವನಿಮುದ್ರಿಕೆ. ಅದರಲ್ಲಿ ಬಹುಮಟ್ಟಿಗೆ ಆಕೆಯ ಸ್ವಂತ ರಚನೆಗಳೇ. ೨೦೧೦ರ ಆಗಸ್ಟ್ ೧೪ರಂದು, ಎಂಬತ್ತು ತುಂಬಿದ ಎಂಟು ದಿನಗಳಿಗೆ, ನ್ಯೂಯಾರ್ಕಿನಲ್ಲಿ ಆಕೆ ನಿಧನ ಹೊಂದಿದಳು.

ಮುಖ್ಯ ಪಾತ್ರದಲ್ಲಿ ಎರಡೇ ಚಿತ್ರಗಳು. ನಡುವಯಸ್ಸಿನ ಫಲವತ್ತಾದ ವರ್ಷಗಳಲ್ಲಿ ಹೆಚ್ಚಿನವು ಬರಿದು. ಹಾಲಿವುಡ್ಡಿನ ಜಮಾಖರ್ಚಿನಲ್ಲಿ ಇದು ನಷ್ಟದ ಬಾಳೇ ಸರಿ. ಆಕೆ ಅದನ್ನು ನಷ್ಟವೆಂದು ಬಗೆಯಲಿಲ್ಲ. ಗೆಟ್ಸ್‌ನೊಡನೆ ಹಾಡಿದ ಆ ಧ್ವನಿಮುದ್ರಿಕೆಗೆ ಆಕೆ ಇಟ್ಟ ಹೆಸರು ‘ಯು ಗಾಟ ಪೇ ದ ಬ್ಯಾಂಡ್’. ಹಾಡು ಬೇಕೆಂದರೆ ವಾದ್ಯದವರಿಗೆ ಸಲ್ಲಬೇಕಾದುದನ್ನು ಸಲ್ಲಿಸಲೇಬೇಕೆಂಬುದು ಅದರ ತಾತ್ಪರ್ಯ.