ಮೊದಲು ಅರ್ಜಿ, ಅನಂತರ ಮಾರಾಟ
ವಿದ್ಯುತ್ ಜೋಡಣಾ ಸಾಮಗ್ರಿಗಳ ಆವಿಷ್ಕಾರ ಮತ್ತು ಸಣ್ಣ ಉದ್ಯಮಿಯ ಹಕ್ಕು

ವಿದ್ಯುತ್ ಉದ್ಯಮವೆಂದೊಡನೆ ನಮ್ಮ ಕಣ್ಣ ಮುಂದೆ ಬರುವುವು ಟ್ರಾನ್ಸ್‌ಫಾರ್ಮರ್, ಮೋಟಾರು, ಸ್ವಿಚ್‌ಗೇರ್ ಮುಂತಾದ ದೊಡ್ಡ ಸಾಧನಗಳು. ಇವನ್ನು ಒಂದಕ್ಕೊಂದು ಬೆಸೆಯುವ ಲಗ್ಗು, ಕೇಬಲ್ ಗ್ಲ್ಯಾಂಡು, ಕ್ಲ್ಯಾಂಪು, ಅರ್ತಿಂಗ್ ಪಟ್ಟಿ ಮೊದಲಾದವು ಬಿಲ್ಲಿನ ಕೊನೆಯಲ್ಲಿ ‘ಇತರೆ ಸಾಮಗ್ರಿ’ ಎಂಬ ಒಂದೇ ಸಾಲಿನಲ್ಲಿ ಅಡಗಿಹೋಗುತ್ತವೆ. ಆದರೆ ಸಡಿಲವಾದ ಒಂದು ಜೋಡಣೆ ಸಾಕು, ಲಕ್ಷಾಂತರ ರೂಪಾಯಿಯ ಯಂತ್ರ ಸುಟ್ಟುಹೋಗಲು ಅಥವಾ ಒಂದು ಜೀವ ಹೋಗಲು. ಜಾಮ್‌ನಗರದ ಹಿತ್ತಾಳೆ ಕಾರ್ಖಾನೆಗಳಿಂದ ಹಿಡಿದು ನಮ್ಮ ಪೀಣ್ಯದ ಶೆಡ್ಡುಗಳವರೆಗೆ ಈ ಸಾಮಗ್ರಿಗಳನ್ನು ತಯಾರಿಸುವವರಲ್ಲಿ ಸಣ್ಣ ಉದ್ಯಮಿಗಳೇ ಹೆಚ್ಚು. ಇಲ್ಲಿ ಆವಿಷ್ಕಾರಗಳು ನಡೆಯುತ್ತಲೇ ಇವೆ. ಅವನ್ನು ಆವಿಷ್ಕಾರವೆಂದು ಗುರುತಿಸಿ ಕಾಪಾಡಿಕೊಳ್ಳುವ ಅಭ್ಯಾಸ ಮಾತ್ರ ಬೆಳೆದಿಲ್ಲ. ಇದರಲ್ಲಿ ನಮ್ಮಂತಹ ಲೆಕ್ಕಪರಿಶೋಧಕರ ಪಾಲೂ ಇದೆಯೆಂಬುದನ್ನು ಒಪ್ಪಿಕೊಂಡೇ ಈ ಲೇಖನವನ್ನು ಆರಂಭಿಸುತ್ತಿದ್ದೇನೆ.

ಒಂದು ಕ್ಲ್ಯಾಂಪಿನ ಕಥೆ

ಕೆಲವು ವರ್ಷಗಳ ಹಿಂದೆ ನನ್ನ ಕಕ್ಷಿದಾರರೊಬ್ಬರು ಅರ್ತಿಂಗ್ ಕ್ಲ್ಯಾಂಪೊಂದನ್ನು ಸುಧಾರಿಸಿದರು. ನೆಲದಲ್ಲಿ ಹೂತ ಕಬ್ಬಿಣದ ಕೊಳವೆಗೆ ತಾಮ್ರದ ತಂತಿಯನ್ನು ನೇರವಾಗಿ ಬಿಗಿದರೆ, ಎರಡು ಭಿನ್ನ ಲೋಹಗಳ ನಡುವೆ ತೇವ ಸೇರಿ ಸವೆತ ಆರಂಭವಾಗುತ್ತದೆ. ಕಂಪನದಿಂದ ನಟ್ಟು ಸಡಿಲಗೊಳ್ಳುತ್ತದೆ. ಜೋಡಣೆಯ ವಿದ್ಯುತ್ ರೋಧ ಹೆಚ್ಚುತ್ತದೆ. ಮುಂದೊಂದು ದಿನ ಮೋಟಾರಿನ ಒಳಗೆ ದೋಷ ಉಂಟಾದಾಗ, ಫ್ಯೂಸ್ ಹಾರಿಹೋಗುವಷ್ಟು ವಿದ್ಯುತ್ ಭೂಮಿಗೆ ಹರಿಯುವುದಿಲ್ಲ. ಮೋಟಾರಿನ ಕವಚದಲ್ಲಿಯೇ ವಿದ್ಯುತ್ ನಿಂತಿರುತ್ತದೆ. ಮಳೆಗಾಲದಲ್ಲಿ ಪಂಪ್‌ಸೆಟ್ ಮುಟ್ಟಿದ ರೈತನಿಗೆ ಇದರ ಪರಿಣಾಮವೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಕಕ್ಷಿದಾರರು ಎರಡು ಲೋಹಗಳ ನಡುವೆ ತವರ ಲೇಪಿತ ತಗಡನ್ನಿಟ್ಟು, ನಟ್ಟಿನ ಕೆಳಗೆ ಬಟ್ಟಲಿನಾಕಾರದ ಸ್ಪ್ರಿಂಗ್ ಬಿಲ್ಲೆಯನ್ನು ಕೂಡಿಸಿ, ಅದೇ ಬಿಲ್ಲೆಯ ಒತ್ತಡವು ರಬ್ಬರ್ ಟೋಪಿಯ ಅಂಚನ್ನೂ ಬಿಗಿಯಾಗಿ ಒತ್ತಿ ಹಿಡಿಯುವಂತೆ ಮಾಡಿದರು. ನಟ್ಟು ಸಡಿಲವಾಗದು, ನೀರು ಒಳನುಗ್ಗದು. ಸರಕು ಚೆನ್ನಾಗಿ ಮಾರಾಟವಾಯಿತು. ಅವರು ಒಂದು ವಸ್ತುಪ್ರದರ್ಶನದಲ್ಲಿ ಮಳಿಗೆ ಹಾಕಿದರು, ಬಣ್ಣದ ಕೈಪಿಡಿ ಮುದ್ರಿಸಿ ಹಂಚಿದರು. ಹದಿನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಅದೇ ಕ್ಲ್ಯಾಂಪು ಬೇರೊಬ್ಬರ ಹೆಸರಿನಲ್ಲಿ, ಕಡಿಮೆ ಬೆಲೆಗೆ ಮಾರುಕಟ್ಟೆಗೆ ಬಂದಿತು.

ಆಗ ನಾವಿಬ್ಬರೂ ಪೇಟೆಂಟ್ ಏಜೆಂಟರೊಬ್ಬರ ಬಳಿಗೆ ಹೋದೆವು. ಅವರು ಚಿತ್ರಗಳನ್ನು ನೋಡಿ ಮೆಚ್ಚಿದರು. ಒಂದೇ ಬಿಲ್ಲೆ ಎರಡು ಕೆಲಸ ಮಾಡುವ ರೀತಿಯಲ್ಲಿ ಹಕ್ಕಿಗೆ ಅವಕಾಶವಿತ್ತೆಂದೂ ಹೇಳಿದರು. ಅನಂತರ ಒಂದೇ ಪ್ರಶ್ನೆ ಕೇಳಿದರು: ‘ಮೊದಲ ಮಾರಾಟ ಎಂದು ಆಯಿತು?’ ಉತ್ತರ ನನ್ನ ಕೈಯಲ್ಲಿದ್ದ ಕಡತದಲ್ಲಿಯೇ ಇತ್ತು. ದಿನಾಂಕ, ಪ್ರಮಾಣ, ಗ್ರಾಹಕರ ಹೆಸರು, ತೆರಿಗೆ, ಎಲ್ಲವೂ ಕ್ರಮಬದ್ಧವಾಗಿ ನಮೂದಾಗಿದ್ದ ಬಿಲ್ಲು. ಎರಡು ವರ್ಷಗಳ ಲೆಕ್ಕಪರಿಶೋಧನೆಯಲ್ಲಿ ನಾನು ಆ ಬಿಲ್ಲನ್ನು ನೋಡಿದ್ದೆ, ಅಚ್ಚಿನ ಖರ್ಚನ್ನು ‘ದುರಸ್ತಿ ಮತ್ತು ನಿರ್ವಹಣೆ’ ಖಾತೆಗೆ ಹಾಕಿದ್ದನ್ನೂ ನೋಡಿದ್ದೆ. ‘ಇದು ಯಾವುದಕ್ಕಾಗಿ ಮಾಡಿಸಿದ ಅಚ್ಚು?’ ಎಂದು ಮಾತ್ರ ಕೇಳಿರಲಿಲ್ಲ.

ಸಣ್ಣ ವಸ್ತು, ದೊಡ್ಡ ವ್ಯವಹಾರ

‘ಒಂದು ಕ್ಲ್ಯಾಂಪಿಗೆ ಪೇಟೆಂಟ್ ಏಕೆ?’ ಎಂದು ಕೇಳುವವರುಂಟು. ಈ ಕ್ಷೇತ್ರದ ಇತಿಹಾಸವೇ ಅದಕ್ಕೆ ಉತ್ತರ. ಬರ್ನ್ ಡಿಬ್ನರ್ ಎಂಬ ಎಂಜಿನಿಯರ್ ಕ್ಯೂಬಾದ ವಿದ್ಯುತ್ ಜಾಲವನ್ನು ಒಗ್ಗೂಡಿಸುವ ಕೆಲಸದಲ್ಲಿದ್ದಾಗ ತಂತಿಗಳ ಜೋಡಣೆಯ ತೊಂದರೆಯನ್ನು ಕಂಡು, ಬೆಸುಗೆಯ ಅಗತ್ಯವಿಲ್ಲದ ಕನೆಕ್ಟರನ್ನು ರೂಪಿಸಿದರು. 1924ರಲ್ಲಿ ಅವರು ಸ್ಥಾಪಿಸಿದ ಬರ್ಂಡಿ ಸಂಸ್ಥೆ ಬೆಳೆದುದು ಅದರ ಬಲದಿಂದಲೇ. ಕ್ಲೀವ್‌ಲ್ಯಾಂಡಿನ ಚಾರ್ಲ್ಸ್ ಕ್ಯಾಡ್‌ವೆಲ್ 1938ರಲ್ಲಿ ರೈಲುಹಳಿಗಳಿಗೆ ತಾಮ್ರದ ತಂತಿ ಬೆಸೆಯಲು ಕಂಡುಕೊಂಡ ರಾಸಾಯನಿಕ ಬೆಸುಗೆಯ ವಿಧಾನ, ಇಂದು ಅರ್ತಿಂಗ್ ಜೋಡಣೆಗಳಲ್ಲಿ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಥಾಮಸ್ ಅಂಡ್ ಬೆಟ್ಸ್ ಸಂಸ್ಥೆಯ ಮೌರಸ್ ಲೋಗನ್ 1956ರಲ್ಲಿ ಬೋಯಿಂಗ್ ವಿಮಾನ ಕಾರ್ಖಾನೆಗೆ ಭೇಟಿಯಿತ್ತಾಗ, ಕಾರ್ಮಿಕರು ಮೇಣ ಹಚ್ಚಿದ ದಾರದಿಂದ ತಂತಿಗಳ ಕಟ್ಟುಗಳನ್ನು ಬಿಗಿದು ಬೆರಳು ನೋಯಿಸಿಕೊಳ್ಳುವುದನ್ನು ಕಂಡರು. ಎರಡು ವರ್ಷಗಳ ಅನಂತರ, 1958ರಲ್ಲಿ, ಕೇಬಲ್ ಟೈಗೆ ಪೇಟೆಂಟ್ ಅರ್ಜಿ ಸಲ್ಲಿಕೆಯಾಯಿತು. ಇಂದು ಅದಿಲ್ಲದ ವೈರಿಂಗ್ ಅಂಗಡಿಯಿಲ್ಲ.

ಹಕ್ಕಿನ ಬೆಲೆ ಎಷ್ಟು ಸೂಕ್ಷ್ಮ ಸಂಗತಿಯ ಮೇಲೆ ನಿಂತಿರುತ್ತದೆ ಎಂಬುದಕ್ಕೆ ಮತ್ತೊಂದು ನಿದರ್ಶನವಿದೆ. ಕೇಬಲನ್ನು ಜಂಕ್ಷನ್ ಪೆಟ್ಟಿಗೆಗೆ ನಟ್ಟಿನ ಸಹಾಯವಿಲ್ಲದೆ ಒತ್ತಿ ಕೂರಿಸುವ ಕನೆಕ್ಟರ್ ಕುರಿತು ಅಮೆರಿಕದ ಆರ್ಲಿಂಗ್‌ಟನ್ ಇಂಡಸ್ಟ್ರೀಸ್ ಮತ್ತು ಬ್ರಿಜ್‌ಪೋರ್ಟ್ ಫಿಟಿಂಗ್ಸ್ ಸಂಸ್ಥೆಗಳ ನಡುವೆ ದೀರ್ಘಕಾಲದ ವ್ಯಾಜ್ಯ ನಡೆಯಿತು. ಪೇಟೆಂಟಿನಲ್ಲಿ ಹೇಳಿದ ‘ಸ್ಪ್ರಿಂಗ್ ಲೋಹದ ಅಡಾಪ್ಟರ್’ಗೆ ಸೀಳು ಇರಲೇಬೇಕೆ ಎಂಬುದು ಅಲ್ಲಿನ ಪ್ರಮುಖ ಪ್ರಶ್ನೆ. ಕೆಳ ನ್ಯಾಯಾಲಯ ಇರಬೇಕೆಂದಿತು. 2011ರಲ್ಲಿ ಫೆಡರಲ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯವು, ಚಿತ್ರದಲ್ಲಿ ಸೀಳು ಕಾಣುತ್ತದೆಂಬ ಕಾರಣಕ್ಕೆ ಹಕ್ಕುಕೋರಿಕೆಯಲ್ಲಿಲ್ಲದ ಷರತ್ತನ್ನು ಅದರೊಳಗೆ ಸೇರಿಸಲಾಗದು ಎಂದು ತೀರ್ಮಾನಿಸಿತು. ಒಂದು ಪದದ ಇರುವಿಕೆಗಾಗಿ ಎರಡು ಸಂಸ್ಥೆಗಳು ಮೇಲ್ಮನವಿಯವರೆಗೆ ಹೋರಾಡಿದವೆಂದರೆ, ಅದರ ಹಿಂದಿರುವ ವ್ಯಾಪಾರದ ಗಾತ್ರವನ್ನು ಊಹಿಸಬಹುದು. ಅರ್ಜಿಯ ಹಕ್ಕುಕೋರಿಕೆಗಳನ್ನು ಅನುಭವಿ ಏಜೆಂಟರಿಂದಲೇ ಬರೆಯಿಸಬೇಕೆನ್ನುವುದೂ ಇದೇ ಕಾರಣಕ್ಕೆ.

ಕಾನೂನು ಏನೆನ್ನುತ್ತದೆ?

ನಮ್ಮ 1970ರ ಪೇಟೆಂಟ್ ಕಾಯ್ದೆಯ ಪ್ರಕಾರ ಆವಿಷ್ಕಾರವು ಹೊಸದಾಗಿರಬೇಕು, ಬಲ್ಲವರಿಗೂ ಸಹಜವಾಗಿ ಹೊಳೆಯುವಂತಹುದಾಗಿರಬಾರದು, ಕೈಗಾರಿಕೆಯಲ್ಲಿ ಬಳಕೆಗೆ ಯೋಗ್ಯವಾಗಿರಬೇಕು. ಗೊತ್ತಿರುವ ಸಾಧನಗಳನ್ನು ಪಕ್ಕಪಕ್ಕದಲ್ಲಿ ಜೋಡಿಸಿ, ಪ್ರತಿಯೊಂದೂ ತನ್ನಷ್ಟಕ್ಕೆ ತಾನು ಕೆಲಸ ಮಾಡುತ್ತಿದ್ದರೆ 3(ಎಫ್) ಕಲಮಿನಂತೆ ಅದು ಆವಿಷ್ಕಾರವಲ್ಲ. ಬಿಡಿಭಾಗಗಳು ಪರಸ್ಪರ ಕೂಡಿ ಹೊಸ ಪರಿಣಾಮ ನೀಡಿದರೆ ಮಾತು ಬೇರೆ. ಫಿಟಿಂಗ್ ತಯಾರಕರು ಮುಖ್ಯವಾಗಿ ಗಮನಿಸಬೇಕಾದ ಗೆರೆ ಇದು.

ಅರ್ಜಿಗೆ ಮುನ್ನ ಮಾಡಿದ ಬಹಿರಂಗ ಮಾರಾಟ, ಕೈಪಿಡಿಯ ಪ್ರಕಟಣೆ, ಸಾರ್ವಜನಿಕ ಪ್ರದರ್ಶನ, ಇವು ನವೀನತೆಯನ್ನು ಇಲ್ಲವಾಗಿಸುತ್ತವೆ. ಅಮೆರಿಕದಲ್ಲಿ ಆವಿಷ್ಕಾರಕನ ಸ್ವಂತ ಪ್ರಕಟಣೆಗೆ ಒಂದು ವರ್ಷದ ವಿನಾಯಿತಿಯುಂಟು. ನಮ್ಮಲ್ಲಿ ಅಂತಹ ಸಾಮಾನ್ಯ ವಿನಾಯಿತಿಯಿಲ್ಲ. ಕೇಂದ್ರ ಸರ್ಕಾರ ರಾಜ್ಯಪತ್ರದಲ್ಲಿ ಅಧಿಸೂಚಿಸಿದ ಪ್ರದರ್ಶನದಲ್ಲಿ ತೋರಿಸಿದ್ದರೆ ಮಾತ್ರ 31ನೇ ಕಲಮಿನಂತೆ ಹನ್ನೆರಡು ತಿಂಗಳ ಅವಕಾಶವಿದೆ. ಎಲ್ಲ ವಸ್ತುಪ್ರದರ್ಶನಗಳಿಗೂ ಈ ರಕ್ಷಣೆ ಇದೆಯೆಂದು ಭಾವಿಸುವುದು ತಪ್ಪು.

ಹಾಗೆಂದು ಸರಕು ಪೂರ್ಣಗೊಳ್ಳುವವರೆಗೆ ಅರ್ಜಿಯನ್ನು ತಡೆಹಿಡಿಯಬೇಕಾಗಿಲ್ಲ. ತಾತ್ಕಾಲಿಕ ವಿವರಣೆಯೊಡನೆ ಅರ್ಜಿ ಸಲ್ಲಿಸಿ ದಿನಾಂಕವನ್ನು ಭದ್ರಪಡಿಸಿಕೊಂಡು, ಹನ್ನೆರಡು ತಿಂಗಳೊಳಗೆ ಪೂರ್ಣ ವಿವರಣೆ ನೀಡಬಹುದು. ಕರ್ನಾಟಕದ ಅರ್ಜಿದಾರರು ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಬರುತ್ತಾರೆ; ಅರ್ಜಿಯನ್ನು ಇಲ್ಲಿಂದಲೇ ಆನ್‌ಲೈನ್ ಮೂಲಕ ಸಲ್ಲಿಸಬಹುದು. ಪರೀಕ್ಷಾ ಬೇಡಿಕೆ ಸಲ್ಲಿಸುವ ಅವಧಿಯನ್ನು 2024ರ ಮಾರ್ಚ್‌ನ ತಿದ್ದುಪಡಿಯು 48 ತಿಂಗಳುಗಳಿಂದ 31 ತಿಂಗಳುಗಳಿಗೆ ಇಳಿಸಿದೆ ಎಂಬುದು ನೆನಪಿರಲಿ.

ಅರ್ಜಿಗೆ ಮುನ್ನ ಹಳೆಯ ಪೇಟೆಂಟ್‌ಗಳ ಶೋಧ ಅವಶ್ಯಕ. ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಇದು ಉಚಿತ. ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಕನೆಕ್ಟರುಗಳು ‘ಎಚ್ 01 ಆರ್’ ವರ್ಗದಲ್ಲಿಯೂ, ಕೇಬಲ್ ಅಳವಡಿಕೆಯ ಸಾಮಗ್ರಿಗಳು ‘ಎಚ್ 02 ಜಿ’ ವರ್ಗದಲ್ಲಿಯೂ ದೊರೆಯುತ್ತವೆ. ಈ ಶೋಧದಿಂದ ಇನ್ನೊಂದು ಲಾಭವೂ ಇದೆ. ಪೇಟೆಂಟಿನ ಆಯುಷ್ಯ ಇಪ್ಪತ್ತು ವರ್ಷ. ಅದರ ವ್ಯಾಪ್ತಿ ಆಯಾ ದೇಶಕ್ಕೆ ಸೀಮಿತ. ಅವಧಿ ಮುಗಿದ ತಂತ್ರಜ್ಞಾನವನ್ನು ಯಾರು ಬೇಕಾದರೂ ಬಳಸಿಕೊಳ್ಳಬಹುದು.

ಖರ್ಚಿನ ಲೆಕ್ಕ

‘ಪೇಟೆಂಟ್ ದೊಡ್ಡವರ ಬಾಬತ್ತು’ ಎಂಬ ಮಾತನ್ನು ಅಂಕಿಗಳೊಡನೆ ಪರಿಶೀಲಿಸೋಣ. ಉದ್ಯಮ್ ನೋಂದಣಿ ಹೊಂದಿದ ಸಣ್ಣ ಘಟಕಕ್ಕೆ ಆನ್‌ಲೈನ್ ಅರ್ಜಿ ಶುಲ್ಕ 1,600 ರೂಪಾಯಿ, ಪರೀಕ್ಷಾ ಶುಲ್ಕ 4,000 ರೂಪಾಯಿ. ನವೀಕರಣ ಶುಲ್ಕ ಮೂರರಿಂದ ಆರನೇ ವರ್ಷದವರೆಗೆ ವರ್ಷಕ್ಕೆ 800, ಏಳರಿಂದ ಹತ್ತರವರೆಗೆ 2,400, ಹನ್ನೊಂದರಿಂದ ಹದಿನೈದರವರೆಗೆ 4,800, ಹದಿನಾರರಿಂದ ಇಪ್ಪತ್ತರವರೆಗೆ 8,000 ರೂಪಾಯಿ. ಇವನ್ನೆಲ್ಲ ಕೂಡಿದರೆ ಇಪ್ಪತ್ತು ವರ್ಷಗಳಿಗೆ ಸರ್ಕಾರಿ ಶುಲ್ಕ 82,400 ರೂಪಾಯಿ. ಏಜೆಂಟರ ಶುಲ್ಕ ಪ್ರತ್ಯೇಕ. ಸರಕು ಓಡದಿದ್ದರೆ ನವೀಕರಣವನ್ನು ಯಾವ ವರ್ಷ ಬೇಕಾದರೂ ಕೈಬಿಡಬಹುದು. ಒಂದು ವಸ್ತುಪ್ರದರ್ಶನದ ಮಳಿಗೆಗೆ ನಮ್ಮ ಕಕ್ಷಿದಾರರು ವೆಚ್ಚ ಮಾಡಿದ್ದು ಇದಕ್ಕಿಂತ ಹೆಚ್ಚು.

ತೆರಿಗೆಯ ದೃಷ್ಟಿಯಿಂದಲೂ ಕೆಲವು ಅನುಕೂಲಗಳಿವೆ. ಭಾರತದಲ್ಲಿ ಅಭಿವೃದ್ಧಿಪಡಿಸಿ ನೋಂದಾಯಿಸಿದ ಪೇಟೆಂಟಿನಿಂದ ನಿವಾಸಿ ಪೇಟೆಂಟ್‌ದಾರನಿಗೆ ಬರುವ ರಾಯಧನಕ್ಕೆ ಶೇ. 10ರ ವಿಶೇಷ ತೆರಿಗೆ ದರವನ್ನು 2016ರ ಹಣಕಾಸು ಕಾಯ್ದೆಯು 115ಬಿಬಿಎಫ್ ಕಲಮಿನ ಮೂಲಕ ತಂದಿತು. ಇದು ಒಟ್ಟು ರಾಯಧನದ ಮೇಲಿನ ದರ. ಅದರಿಂದ ಖರ್ಚು ಕಳೆಯುವಂತಿಲ್ಲ. ಸ್ವಂತ ಕಾರ್ಖಾನೆಯಲ್ಲಿ ತಯಾರಿಸಿದ ಸರಕಿನ ಮಾರಾಟದ ಲಾಭಕ್ಕೆ ಇದು ಅನ್ವಯಿಸುವುದಿಲ್ಲ. ಬೇರೆಯವರಿಗೆ ಪರವಾನಗಿ ಕೊಟ್ಟು ರಾಯಧನ ಪಡೆದರೆ ಮಾತ್ರ ಅನ್ವಯಿಸುತ್ತದೆ. 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬೇರೆಯಾಗಿರುವುದರಿಂದ, ಅಂದಿನಿಂದಾಚೆಯ ವ್ಯವಹಾರಗಳಿಗೆ ಹೊಸ ಕಾಯ್ದೆಯನ್ನು ನೋಡಿಕೊಳ್ಳಬೇಕು.

ಲೆಕ್ಕಪುಸ್ತಕದಲ್ಲಿ ಆವಿಷ್ಕಾರ

ಲೆಕ್ಕಮಾನಕ 26ರ ಪ್ರಕಾರ ಸಂಶೋಧನಾ ಹಂತದ ಖರ್ಚನ್ನು ಆಯಾ ವರ್ಷದ ಲಾಭನಷ್ಟ ಖಾತೆಗೇ ಹಾಕಬೇಕು. ಅಭಿವೃದ್ಧಿ ಹಂತದ ಖರ್ಚನ್ನು ನಿಗದಿತ ಷರತ್ತುಗಳು ಪೂರೈಸಿದಾಗ ಅಮೂರ್ತ ಆಸ್ತಿಯಾಗಿ ತೋರಿಸಬಹುದು. ಹೀಗೆ ವಿಂಗಡಿಸಬೇಕಾದರೆ ಮೊದಲು ಖರ್ಚು ಪ್ರತ್ಯೇಕವಾಗಿ ದಾಖಲಾಗಿರಬೇಕು. ಆದುದರಿಂದ ಸದಸ್ಯ ಬಾಂಧವರಲ್ಲಿ ನನ್ನ ವಿನಂತಿ ಇಷ್ಟು:

ಒಂದು, ಹೊಸ ಅಚ್ಚು, ಮಾದರಿ, ಪರೀಕ್ಷೆಗಳ ಖರ್ಚಿಗೆ ‘ಉತ್ಪನ್ನ ಅಭಿವೃದ್ಧಿ’ ಎಂಬ ಪ್ರತ್ಯೇಕ ಖಾತೆ ತೆರೆಯಿರಿ. ಆ ಖಾತೆಯಲ್ಲಿ ಮೊದಲ ನಮೂದು ಬಿದ್ದ ದಿನವೇ ಪೇಟೆಂಟ್ ಕುರಿತು ವಿಚಾರಿಸಬೇಕಾದ ದಿನ.

ಎರಡು, ಎರಕದವರಿಗೆ, ರಬ್ಬರ್ ಅಚ್ಚಿನವರಿಗೆ ಚಿತ್ರ ಕೊಡುವ ಮುನ್ನ ಗೋಪ್ಯತೆಯ ಒಪ್ಪಂದಕ್ಕೆ ಸಹಿ ಮಾಡಿಸಿಕೊಳ್ಳಿ.

ಮೂರು, ಹೊಸ ಸರಕಿನ ಮೊದಲ ಬಿಲ್ಲು ಬರೆಯುವ ಮುನ್ನ, ಕೈಪಿಡಿ ಮುದ್ರಣಕ್ಕೆ ಕಳುಹಿಸುವ ಮುನ್ನ, ಅರ್ಜಿ ಸಲ್ಲಿಕೆಯಾಗಿದೆಯೇ ಎಂದು ನೋಡಿ. ಹೊಸತನವು ಕೇವಲ ಆಕಾರದಲ್ಲಿದ್ದರೆ 2000ದ ವಿನ್ಯಾಸ ಕಾಯ್ದೆಯ ನೋಂದಣಿ ಉಂಟು. ಅದರ ರಕ್ಷಣೆ ಹತ್ತು ವರ್ಷ, ಮತ್ತೆ ಐದು ವರ್ಷ ವಿಸ್ತರಿಸಬಹುದು. ಅದನ್ನೂ ಪ್ರಕಟಣೆಗೆ ಮುನ್ನವೇ ಮಾಡಿಸಬೇಕು.

ನಮ್ಮ ಕಕ್ಷಿದಾರರು ಈಗಲೂ ಆ ಕ್ಲ್ಯಾಂಪನ್ನು ತಯಾರಿಸುತ್ತಿದ್ದಾರೆ, ಲಾಭ ತೆಳುವಾಗಿದೆ. ಅನಂತರ ಅವರು ರೂಪಿಸಿದ ಇನ್ನೊಂದು ಜೋಡಣೆಗೆ ಮಾತ್ರ ಮೊದಲು ತಾತ್ಕಾಲಿಕ ಅರ್ಜಿ ಸಲ್ಲಿಸಿ, ಬಳಿಕವೇ ಮಾದರಿಯನ್ನು ಹೊರಗೆ ತೋರಿಸಿದರು. ನನ್ನ ಕಚೇರಿಯ ಲೆಕ್ಕಪರಿಶೋಧನಾ ಪ್ರಶ್ನಾವಳಿಗೂ ಒಂದು ಸಾಲು ಸೇರಿದೆ: ‘ಈ ವರ್ಷ ಹೊಸ ಅಚ್ಚು ಮಾಡಿಸಿದ್ದೀರಾ? ಏಕೆ?’ ಇಪ್ಪತ್ತೈದು ವರ್ಷಗಳ ವೃತ್ತಿಯಲ್ಲಿ ನಾನು ತಡವಾಗಿ ಕಲಿತ ಪ್ರಶ್ನೆಯಿದು. ತಮ್ಮ ಲೆಕ್ಕಪರಿಶೋಧಕರು ಇದನ್ನು ಕೇಳದಿದ್ದಲ್ಲಿ, ತಾವೇ ಅವರಿಗೆ ಹೇಳಿರಿ.